ಬಾಡಿಗೆಯ ಮನೆ, ಬಡಾವಣೆ ಮತ್ತು ಹಿತ್ತಿಲು: ಆರ್. ಕೆ. ನಾರಾಯಣ್ ಅವರ ಮೂರು ಕಾದಂಬರಿಗಳ ವಿವೇಚನೆ

ಮನೆ ಕಟ್ಟುವವನ ಪಾಡನ್ನು ಕುರಿತು ಕನ್ನಡಿಗರ ನಾಲಗೆಯ ಮೇಲೆ ಒಂದು ಗಾದೆ ಸದಾ ಸಿದ್ಧವಾಗಿರುತ್ತದೆ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು. ಬಾಡಿಗೆಯ ಮನೆಯನ್ನು ಅರಸುವವನ ಪಾಡಿಗೆ ಅಷ್ಟು ಪ್ರಸಿದ್ಧವಾದ ಮಾತು ದೊರೆತಿಲ್ಲ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗಾದೆಗಳನ್ನು ರೂಪಿಸಿದ ಸಮಾಜದಲ್ಲಿ ಬಹುಮಂದಿ ತಾವು ಹುಟ್ಟಿದ ಕೇರಿಯಲ್ಲಿಯೇ ಬಾಳಿ ಅಲ್ಲಿಯೇ ಮುಗಿಯುತ್ತಿದ್ದರು. ಯಾವ ಕೇರಿಯಲ್ಲಿ ಇರಬೇಕೆಂಬ ಪ್ರಶ್ನೆಗೆ ಹುಟ್ಟೇ ಉತ್ತರ ಕೊಟ್ಟುಬಿಡುತ್ತಿತ್ತು. ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ಕಂಡರಿಯದ ನಗರಕ್ಕೆ ಬಂದು, ನಾಲ್ಕಾರು ದಿನಗಳ ಅಲೆದಾಟದಲ್ಲಿ ನೆರೆಯನ್ನೂ ನೀರನ್ನೂ ದಾರಿಯನ್ನೂ ಆಯ್ದುಕೊಳ್ಳಬೇಕಾದ ಗೃಹಸ್ಥನ ಸ್ಥಿತಿ ನೂತನವಾದುದು. ಇಂತಹ ಸ್ಥಿತಿಯನ್ನು ಗಾದೆ ಹಿಡಿಯುವುದಕ್ಕೆ ಮೊದಲೇ ಕಾದಂಬರಿ ಹಿಡಿಯುತ್ತದೆ.

ಮೈಸೂರಿನಲ್ಲಿ ದೀರ್ಘಕಾಲ ವಾಸವಾಗಿದ್ದು ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣ್ ಅವರ (೧೯೦೬–೨೦೦೧) ಕೃತಿಗಳಲ್ಲಿ ಈ ವಸ್ತು ಮರಳಿ ಮರಳಿ ಬರುತ್ತದೆ. ವಿಮರ್ಶಕರು ಮಾಲ್ಗುಡಿಯನ್ನು ಒಂದು ಕಲ್ಪಿತ ಊರಾಗಿ, ಅಲ್ಲಿನ ಜನರನ್ನು ಹಾಸ್ಯದ ಪಾತ್ರಗಳಾಗಿ ಕಂಡಿರುವುದೇ ಹೆಚ್ಚು. ಆ ಊರಿನಲ್ಲಿ ಯಾರು ಎಲ್ಲಿ ವಾಸಿಸುತ್ತಾರೆ, ಆ ಸ್ಥಳ ಅವರಿಗೆ ಹೇಗೆ ಒದಗಿತು, ಅದರಿಂದ ಅವರಿಗೆ ಏನಾಯಿತು ಎಂಬುದನ್ನು ಕಥೆಯ ಹಿನ್ನೆಲೆಯೆಂದು ಬಿಟ್ಟುಬಿಡುವುದು ರೂಢಿಯಾಗಿದೆ. 'ದಿ ಇಂಗ್ಲಿಷ್ ಟೀಚರ್' (೧೯೪೫), 'ಮಿಸ್ಟರ್ ಸಂಪತ್' (೧೯೪೯), 'ದಿ ಮ್ಯಾನ್ ಈಟರ್ ಆಫ್ ಮಾಲ್ಗುಡಿ' (೧೯೬೧) ಎಂಬ ಮೂರು ಕಾದಂಬರಿಗಳಲ್ಲಾದರೂ ಅದು ಹಿನ್ನೆಲೆಯಲ್ಲ, ಕಥೆಯ ಕೀಲು ಎಂಬುದು ಪ್ರಸ್ತುತ ಲೇಖನದ ವಾದ. ಈ ಕೀಲನ್ನು ಇಷ್ಟು ಚೆನ್ನಾಗಿ ಕಂಡ ಲೇಖಕರು ಒಂದು ಮುಖ್ಯ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಾರೆಂಬುದನ್ನೂ ಕೊನೆಯಲ್ಲಿ ತೋರಿಸಲು ಯತ್ನಿಸಲಾಗಿದೆ.

ಕಾಲಕ್ರಮದಲ್ಲಿ ಎರಡನೆಯದಾದ 'ಮಿಸ್ಟರ್ ಸಂಪತ್' ಕೃತಿಯನ್ನು ಮೊದಲು ತೆಗೆದುಕೊಳ್ಳುವುದು ಅನುಕೂಲ. ಏಕೆಂದರೆ ಅದರ ನಾಯಕ ಶ್ರೀನಿವಾಸ ನಿಜವಾದ ಅರ್ಥದಲ್ಲಿ ಹೊಸಬ. ತಳಾಪುರದಿಂದ ಮಾಲ್ಗುಡಿಗೆ ಬಂದು ಪತ್ರಿಕೆಯೊಂದನ್ನು ನಡೆಸುವವನು. ಆ ಪತ್ರಿಕೆಯ ಕಚೇರಿಯನ್ನು ತಲಪುವುದು ಊರಿನ ಒಳಹೊಕ್ಕು ಬಲ್ಲವರಿಗಲ್ಲದೆ ಸಾಧ್ಯವಿಲ್ಲವೆಂಬ ವಿವರಣೆಯಿಂದಲೇ ಕಾದಂಬರಿ ಆರಂಭವಾಗುತ್ತದೆ. ಮಾರ್ಕೆಟ್ ರಸ್ತೆಯ ಹಿಂದೆ ಹೆಣೆದುಕೊಂಡಿರುವ ಓಣಿಗಳಲ್ಲಿ ಕಬೀರ್ ಓಣಿ ಒಂದು. ಕಚೇರಿ ಇರುವುದು ಅಲ್ಲಿ. ಇದನ್ನು ಕೇವಲ ವಿನೋದವೆಂದು ಓದಿ ಮುಂದೆ ಸಾಗುವುದು ಸುಲಭ. ಆದರೆ ಹೊಸಬನಿಗೆ ನಗರವು ಕಾಣುವ ಬಗೆಯನ್ನು ಲೇಖಕರು ಇಲ್ಲಿ ನಿಖರವಾಗಿ ಹಿಡಿದಿದ್ದಾರೆ. ಹೊಸಬನ ಕಣ್ಣಿಗೆ ಬೀಳುವುದು ರಾಜಬೀದಿ; ಅವನ ಕೈಗೆ ಎಟುಕುವ ಬಾಡಿಗೆ ಇರುವುದು ಓಣಿಯಲ್ಲಿ. ಬೀದಿಯನ್ನು ನೋಡಿ ಊರನ್ನು ಮೆಚ್ಚಿದವನು ಓಣಿಯಲ್ಲಿ ಬದುಕಬೇಕಾಗುತ್ತದೆ.

ಶ್ರೀನಿವಾಸನ ವಾಸ ಆಂಡರ್ಸನ್ ಓಣಿಯಲ್ಲಿ, ವೃದ್ಧನೊಬ್ಬನಿಗೆ ಸೇರಿದ ವಠಾರದಲ್ಲಿ. ಈ ವಠಾರದ ಲಕ್ಷಣವನ್ನೆಲ್ಲ ಒಂದು ವಸ್ತುವಿನಲ್ಲಿ ಸಂಗ್ರಹಿಸಬಹುದು: ಅಲ್ಲಿನ ಒಕ್ಕಲುಗಳೆಲ್ಲರಿಗೂ ಸೇರಿ ಇರುವುದು ಒಂದೇ ನಲ್ಲಿ. ಕೋಣೆಗಳ ಸಂಖ್ಯೆ ಎಷ್ಟು, ಗಾಳಿ ಬೆಳಕು ಹೇಗೆ, ಬಾಡಿಗೆ ಎಷ್ಟು ಎಂಬ ಪ್ರಶ್ನೆಗಳನ್ನು ಮನೆ ನೋಡಲು ಬಂದವನು ಕೇಳುತ್ತಾನೆ. ನಲ್ಲಿಯ ಮುಂದೆ ಬೆಳಗಿನಲ್ಲಿ ಎಷ್ಟು ಬಿಂದಿಗೆಗಳು ಸಾಲಾಗಿ ನಿಲ್ಲುತ್ತವೆಂಬುದನ್ನು ಕೇಳುವುದಿಲ್ಲ. ಕೇಳಿದರೂ ಮಧ್ಯಾಹ್ನದಲ್ಲಿ ಮನೆ ತೋರಿಸುವ ಯಜಮಾನನಿಂದ ಉತ್ತರ ಬಾರದು. ಮನೆಯನ್ನು ನೋಡುವ ಹೊತ್ತು ಬೇರೆ, ಮನೆಯಲ್ಲಿ ಬದುಕುವ ಹೊತ್ತು ಬೇರೆ. ನಾರಾಯಣ್ ಅವರ ಹಾಸ್ಯವು ಈ ಎರಡು ಹೊತ್ತುಗಳ ಅಂತರದಿಂದ ಹುಟ್ಟುವಂಥದು. ಆದರೆ ಈ ನಲ್ಲಿಗೆ ಇನ್ನೊಂದು ಮುಖವೂ ಉಂಟು. ಪರಸ್ಪರ ಅಪರಿಚಿತರಾದ ಒಕ್ಕಲುಗಳನ್ನು ನೆರೆಯವರನ್ನಾಗಿ ಮಾಡುವುದು ಅದೇ. ಅದೇ ವಠಾರದ ರವಿ ಎಂಬ ಚಿತ್ರಕಾರನ ಗೆಳೆತನ ಶ್ರೀನಿವಾಸನಿಗೆ ಲಭಿಸುವುದು ಅವನು ನೆರೆಯನ್ನು ಆಯ್ದುದರಿಂದಲ್ಲ, ನೆರೆಯಲ್ಲಿ ಸಿಕ್ಕಿಬಿದ್ದುದರಿಂದ. ಬಾಡಿಗೆಯ ಒಪ್ಪಂದದಲ್ಲಿ ಬರೆಯಲಾಗದ ಲಾಭವೂ ನಷ್ಟವೂ ಒಂದೇ ಮೂಲದಿಂದ ಬರುತ್ತವೆಂಬುದನ್ನು ಕಾದಂಬರಿ ಯಾವ ಉಪದೇಶವೂ ಇಲ್ಲದೆ ತೋರಿಸುತ್ತದೆ.

'ದಿ ಇಂಗ್ಲಿಷ್ ಟೀಚರ್' ಕೃತಿಯಲ್ಲಿ ಇದೇ ವಸ್ತು ದುರಂತದ ಸ್ವರೂಪವನ್ನು ತಾಳುತ್ತದೆ. ಕೃಷ್ಣನ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿಯೇ ವರ್ಷಗಳನ್ನು ಕಳೆದ ಅಧ್ಯಾಪಕ. ಪತ್ನಿ ಸುಶೀಲೆಯೂ ಮಗು ಲೀಲೆಯೂ ಬರುವರೆಂದು ತಿಳಿದಾಗ ಅವನು ಬಾಡಿಗೆಯ ಮನೆಗಾಗಿ ಹುಡುಕಬೇಕಾಗುತ್ತದೆ. ಊರು ಅವನಿಗೆ ಹೊಸದಲ್ಲ. ಆದರೂ ಗೃಹಸ್ಥನ ಕಣ್ಣಿನಿಂದ ಅವನು ಆ ಊರನ್ನು ಹಿಂದೆಂದೂ ನೋಡಿರಲಿಲ್ಲ. ಒಂಟಿಯಾಗಿದ್ದವನಿಗೆ ಕಾಣದ ಊರೊಂದು ಸಂಸಾರವಂದಿಗನಿಗೆ ಇದ್ದಕ್ಕಿದ್ದಂತೆ ಎದುರಾಗುತ್ತದೆ. ಹೀಗೆ ಹುಡುಕಿ ಪಡೆದ ಬಾಡಿಗೆಯ ಮನೆಯಲ್ಲಿ ಆ ದಂಪತಿಗಳು ಸುಖವಾಗಿ ಬಾಳುತ್ತಾರೆ. ಆಮೇಲೆ ಕೃಷ್ಣನ ತಂದೆಯ ಧನಸಹಾಯದ ಭರವಸೆಯಿಂದ ಸ್ವಂತ ಮನೆಯ ಆಸೆ ಮೂಡುತ್ತದೆ; ಲಾಲಿ ಎಕ್ಸ್‌ಟೆನ್ಷನ್ ಎಂಬ ಹೊಸ ಬಡಾವಣೆಯಲ್ಲಿ ಮನೆ ನೋಡಲು ಅವರಿಬ್ಬರೂ ಹೊರಡುತ್ತಾರೆ. ಹೋಟೆಲಿನಲ್ಲಿ ಉಪಾಹಾರ, ನದಿಯ ತೀರದಲ್ಲಿ ವಿಹಾರ, ಆಮೇಲೆ ಮಲ್ಲಿಗೆಯ ಬಳ್ಳಿಯಿರುವ ಒಂದು ಚೆಲುವಾದ ಮನೆ. ಕೃಷ್ಣನ್ ಇತರರೊಡನೆ ಮನೆಯನ್ನು ಪರೀಕ್ಷಿಸುತ್ತಿರುವಾಗ ಸುಶೀಲೆ ಒಬ್ಬಳೇ ಹಿತ್ತಿಲಿಗೆ ಹೋಗಿ ಅಲ್ಲಿನ ಹೊಲಸಾದ ಶೌಚಗೃಹದೊಳಗೆ ಸಿಕ್ಕಿಕೊಳ್ಳುತ್ತಾಳೆ. ಹೊರಬಂದಾಗ ಅವಳು ಬೆದರಿದ್ದಾಳೆ. ನೊಣವೊಂದು ತುಟಿಯ ಮೇಲೆ ಕುಳಿತುದರ ಹೇಸಿಗೆ ಅವಳನ್ನು ಬಿಡುವುದಿಲ್ಲ. ಆ ಭೇಟಿಯ ಬೆನ್ನಿಗೆ ಅವಳು ಹಾಸಿಗೆ ಹಿಡಿಯುತ್ತಾಳೆ. ವೈದ್ಯರು ಮೊದಲು ಮಲೇರಿಯವೆಂದುಕೊಂಡದ್ದು ವಿಷಮಶೀತಜ್ವರವೆಂದು ತಿಳಿಯುತ್ತದೆ. ಅದರಿಂದಲೇ ಅವಳ ಮರಣ.

ಲೇಖಕರ ಪತ್ನಿ ರಾಜಂ ಅವರು ೧೯೩೯ರಲ್ಲಿ ಇದೇ ಜ್ವರದಿಂದ ತೀರಿಕೊಂಡರೆಂಬುದು ಸುವಿದಿತ. ಆ ಕಾರಣದಿಂದ ಈ ಭಾಗವನ್ನು ಆತ್ಮಚರಿತ್ರೆಯೆಂದು ಓದಿ ಮೌನವಾಗುವುದೇ ಹೆಚ್ಚು. ಕಾದಂಬರಿಯನ್ನು ದಾಂಪತ್ಯದ ಪೂರ್ವಾರ್ಧ, ಮೃತಪತ್ನಿಯೊಡನೆ ಸಂವಾದದ ಉತ್ತರಾರ್ಧ ಎಂದು ಎರಡು ಹೋಳುಗಳನ್ನಾಗಿ ಮಾಡಿ, ಅವು ಒಂದಕ್ಕೊಂದು ಹೊಂದುವುದಿಲ್ಲವೆಂದು ಆಕ್ಷೇಪಿಸುವುದೂ ಉಂಟು. ಮನೆಯ ಅನ್ವೇಷಣೆಯನ್ನು ಮುಖ್ಯವೆಂದು ಗ್ರಹಿಸಿದರೆ ಈ ಆಕ್ಷೇಪದ ಬಲ ಬಹುಮಟ್ಟಿಗೆ ಕುಂದುತ್ತದೆ. ವಿದ್ಯಾರ್ಥಿನಿಲಯದಿಂದ ಬಾಡಿಗೆಯ ಮನೆಗೆ, ಬಾಡಿಗೆಯ ಮನೆಯಿಂದ ಸ್ವಂತ ಮನೆಯ ಕನಸಿಗೆ, ಕೊನೆಗೆ ಯಾವ ಮನೆಯೂ ಬೇಡವಾದ ಸ್ಥಿತಿಗೆ ಸಾಗುವ ಒಂದೇ ದಾರಿ ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಷಮಶೀತಜ್ವರದ ರೋಗಾಣು ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡತಕ್ಕದ್ದು. ನೊಣವೂ ಅದನ್ನು ಹೊರಬಲ್ಲದು. ಆದರೆ ರೋಗಾಣು ದೇಹವನ್ನು ಸೇರಿದ ಮೇಲೆ ಲಕ್ಷಣಗಳು ತೋರಲು ಸಾಮಾನ್ಯವಾಗಿ ಒಂದೆರಡು ವಾರಗಳಾದರೂ ಹಿಡಿಯುತ್ತವೆ. ಆದುದರಿಂದ ಸುಶೀಲೆಯ ಜ್ವರಕ್ಕೆ ಆ ಮನೆಯೇ ಕಾರಣವೋ, ಅಥವಾ ಅದಕ್ಕೆ ಮೊದಲೇ, ನೆಚ್ಚಿನ ಬಾಡಿಗೆಯ ಮನೆಯಲ್ಲಿಯೋ ಹೋಟೆಲಿನಲ್ಲಿಯೋ ಕುಡಿದ ನೀರು ಕಾರಣವೋ ಎಂಬುದನ್ನು ವೈದ್ಯಶಾಸ್ತ್ರ ಖಚಿತವಾಗಿ ಹೇಳಲಾರದು. ಹಿತ್ತಿಲಿನ ಆ ಬಾಗಿಲನ್ನು ಕಾರಣವೆಂದು ಹಿಡಿಯುವುದು ಶೋಕದ ತರ್ಕ. ಆಯ್ಕೆಯೊಂದರ ಬಳಿಕ ಅನರ್ಥವೊದಗಿದರೆ ಮನುಷ್ಯನು ಆ ಆಯ್ಕೆಯನ್ನೇ ಶಪಿಸುತ್ತಾನೆ. ಕಣ್ಣಿಗೆ ಕಾಣದೆ ನಿತ್ಯವೂ ನಡೆಯುತ್ತಿದ್ದ ಅಪಾಯವನ್ನು ನೆನೆಯುವುದಿಲ್ಲ. ಇದು ಕಾದಂಬರಿಯ ದೋಷವಲ್ಲ, ಅದರ ಸತ್ಯ.

ಹೊಸ ಬಡಾವಣೆಯೆಂಬ ಕಲ್ಪನೆಯ ಇತಿಹಾಸವನ್ನು ನೆನೆದರೆ ಈ ಪ್ರಸಂಗದ ವ್ಯಂಗ್ಯ ಇನ್ನೂ ತೀಕ್ಷ್ಣವಾಗುತ್ತದೆ. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ಅನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಕಿಕ್ಕಿರಿದ ಪೇಟೆಯಿಂದ ಜನರನ್ನು ಗಾಳಿ ಬೆಳಕುಗಳಿಗೆ ತರುವ ಉದ್ದೇಶದಿಂದ. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪಿತವಾಯಿತು. ಬಡಾವಣೆಯೆಂದರೆ ಆರೋಗ್ಯವೆಂಬ ನಂಬಿಕೆ ಈ ಕಾಲದಲ್ಲಿ ಬಲಿತದ್ದು. ಆ ನಂಬಿಕೆಯ ಗರ್ಭದಲ್ಲಿಯೇ ನಾರಾಯಣ್ ರೋಗವನ್ನು ಇರಿಸುತ್ತಾರೆ. ಮುಂಭಾಗದಲ್ಲಿ ಮಲ್ಲಿಗೆ, ಹಿತ್ತಿಲಿನಲ್ಲಿ ಮೃತ್ಯು. ಮನೆಯನ್ನು ನಾವು ಜಗಲಿಯಿಂದ ಆಯ್ದುಕೊಳ್ಳುತ್ತೇವೆ, ಹಿತ್ತಿಲಿನಿಂದ ಅನುಭವಿಸುತ್ತೇವೆ.

ಮೂರನೆಯ ಕೃತಿ ಇದೇ ವ್ಯವಹಾರವನ್ನು ಮನೆಯೊಡೆಯನ ಕಡೆಯಿಂದ ತೋರಿಸುತ್ತದೆ. ಮುದ್ರಣಾಲಯದ ಒಡೆಯನಾದ ನಟರಾಜನ ಅಟ್ಟದಲ್ಲಿ ಬಂದು ಸೇರುವ ವಾಸು ಸತ್ತ ಮೃಗಗಳ ಚರ್ಮದಲ್ಲಿ ಹುಲ್ಲು ತುಂಬುವವನು. ದಾಕ್ಷಿಣ್ಯದಿಂದ ನಟರಾಜ ಬಾಡಿಗೆಯನ್ನು ಕೇಳುವುದಿಲ್ಲ. ಹೊರಡಬೇಕೆಂದು ಸೂಚಿಸಿದಾಗ ವಾಸು ತಾನು ಒಕ್ಕಲೆಂದು ಸಾಧಿಸಿ ಬಾಡಿಗೆ ನಿಯಂತ್ರಣಾಧಿಕಾರಿಗೆ ದೂರು ಕೊಡುತ್ತಾನೆ. ಉಪಕಾರ ಮಾಡಿದವನೇ ಅಪರಾಧಿಯಾಗುತ್ತಾನೆ. ಕಾದಂಬರಿ ಪ್ರಕಟವಾದ ೧೯೬೧ರಲ್ಲಿಯೇ ಮೈಸೂರು ರಾಜ್ಯದಲ್ಲಿ ಬಾಡಿಗೆ ನಿಯಂತ್ರಣದ ಹೊಸ ಅಧಿನಿಯಮ ಬಂದಿತೆಂಬುದು ಆಕಸ್ಮಿಕವಾದರೂ ಗಮನಾರ್ಹ. ಆ ಅಧಿನಿಯಮದ ಸ್ಥಾನದಲ್ಲಿ ೧೯೯೯ರ ಕರ್ನಾಟಕ ಬಾಡಿಗೆ ಅಧಿನಿಯಮವು ೨೦೦೧ರ ಕೊನೆಯಲ್ಲಿ ಜಾರಿಗೆ ಬಂದಿತು. ಹೊಸಬನಿಗೆ ನೆರೆ ಅಪರಿಚಿತವಾದಂತೆ ನೆರೆಗೆ ಹೊಸಬನೂ ಅಪರಿಚಿತ. ಈ ಉಭಯ ಭಯವನ್ನು ನಿಯಮಕ್ಕೆ ಒಳಪಡಿಸುವುದಕ್ಕೇ ಶಾಸನ. ನಟರಾಜನಂತೆ ಬರಿಯ ಸೌಜನ್ಯವನ್ನು ನೆಚ್ಚಿದವನಿಗೆ ಶಾಸನವೇ ತಿರುಗಿ ಬೀಳುತ್ತದೆ. ಆದರೆ ಈ ಭಯವನ್ನು ವಾಸುವಿನ ರಾಕ್ಷಸತ್ವದಲ್ಲಿ ನೆಲೆಗೊಳಿಸಿದುದರಿಂದ ಸಮಸ್ಯೆ ವ್ಯಕ್ತಿಯದಾಗಿ ಉಳಿದು ಊರಿನದಾಗುವುದಿಲ್ಲ. ಮೂರರಲ್ಲಿ ಈ ದೃಷ್ಟಿಯಿಂದ ದುರ್ಬಲವಾದದ್ದು ಇದೇ ಕೃತಿ ಎನ್ನಬೇಕಾಗುತ್ತದೆ.

ಇನ್ನು ಕೇಳದೆ ಬಿಟ್ಟ ಪ್ರಶ್ನೆ. ಕೃಷ್ಣನನ್ನಾಗಲಿ ಶ್ರೀನಿವಾಸನನ್ನಾಗಲಿ ಕಾಡುವುದು ಎಂತಹ ಮನೆ ಎಂಬ ಚಿಂತೆ. ಮನೆ ಕೊಡುವರೋ ಇಲ್ಲವೋ ಎಂಬ ಚಿಂತೆಯಲ್ಲ. ಅವರ ಕುಲ ಅವರ ಪರವಾಗಿ ಮೊದಲೇ ಬಾಗಿಲು ತಟ್ಟಿರುತ್ತದೆ. ಬಾಡಿಗೆಯ ಮನೆಯನ್ನು ಅರಸುವ ಅಸಂಖ್ಯಾತ ಜನರಿಗೆ ನಮ್ಮ ನಗರಗಳಲ್ಲಿ ಇಂದಿಗೂ ಎದುರಾಗುವ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಜಾತಿಯದು. ನೇರವಾಗಿ ಕೇಳಲು ಸಂಕೋಚಪಡುವವರು ಊಟದ ಪದ್ಧತಿಯ ನೆವದಲ್ಲಿ ಕೇಳುತ್ತಾರೆ. ಅಹಮದಾಬಾದಿನ ಒಂದು ಗೃಹನಿರ್ಮಾಣ ಸಹಕಾರ ಸಂಘವು ತನ್ನ ಸದಸ್ಯತ್ವವನ್ನು ಪಾರಸಿಗಳಿಗೆ ಮಾತ್ರ ಸೀಮಿತಗೊಳಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಎತ್ತಿಹಿಡಿಯಿತೆಂಬುದನ್ನು ನೆನೆದರೆ, ಈ ವಿಷಯದಲ್ಲಿ ಕಾನೂನಿನ ಕೈ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಸುಶೀಲೆಯನ್ನು ಬೆದರಿಸಿದ ಆ ಹಿತ್ತಿಲಿನ ಕೋಣೆಯೂ ಇದೇ ಮಾತನ್ನು ಹೇಳಬಹುದಾಗಿತ್ತು. ಅಂತಹ ಕೋಣೆಗಳನ್ನು ಶುಚಿಗೊಳಿಸುವ ಕೆಲಸ ಆ ಕಾಲದಲ್ಲಿ ಯಾರ ತಲೆಯ ಮೇಲೆ ಬಿದ್ದಿತ್ತು, ಅವರು ಯಾವ ಕೇರಿಯಿಂದ ಬರುತ್ತಿದ್ದರು, ಆ ಚೆಲುವಾದ ಬಡಾವಣೆಯಲ್ಲಿ ಅವರು ಬಾಡಿಗೆಗೆ ಇರಬಹುದಾಗಿತ್ತೆ? ಕಾದಂಬರಿಯ ಅತ್ಯಂತ ನಿರ್ಣಾಯಕವಾದ ಕೋಣೆಯ ಬಾಗಿಲು ಒಂದು ದಿಕ್ಕಿಗೆ ಮಾತ್ರ ತೆರೆಯುತ್ತದೆ.

ಆ ಇನ್ನೊಂದು ದಿಕ್ಕಿನ ನೋಟಕ್ಕೆ ನಾವು ಕನ್ನಡದ ಕಡೆಗೆ ತಿರುಗಬೇಕು. ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರೇ 'ಊರುಕೇರಿ'. ನಾರಾಯಣ್ ಅವರಲ್ಲಿ ವಿಳಾಸಗಳಾಗಿರುವ ಎರಡು ಸಂಗತಿಗಳು ಇಲ್ಲಿ ಒಂದು ಗೆರೆಯ ಎರಡು ಬದಿಗಳಾಗುತ್ತವೆ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಆ ಕುಟುಂಬ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದುದು ಬಡಾವಣೆಯನ್ನು ತೂಗಿ ಆರಿಸಿದ್ದರಿಂದಲ್ಲ. ನಗರದಲ್ಲಿ ಅವರಿಗೆ ತೆರೆದಿದ್ದ ಸ್ಥಳ ಅಂತಹುದೇ ಆಗಿತ್ತು. ಅಲ್ಲಿಯೂ ಹಾಸ್ಯವುಂಟು, ನೆರೆಯ ಪ್ರೀತಿಯುಂಟು. ಆದರೆ ಅದು ಆಯ್ದವನ ಹಾಸ್ಯವಲ್ಲ. ಇವೆರಡು ಕೃತಿಲೋಕಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ನಮ್ಮ ನಗರದ ಬಾಡಿಗೆಯ ಮನೆಯ ಚಿತ್ರ ಪೂರ್ಣವಾಗುವುದು.

ಒಟ್ಟಿನಲ್ಲಿ ನಾರಾಯಣ್ ಅವರ ಈ ಕೃತಿಗಳಿಂದ ದೊರೆಯುವ ತಿಳಿವು ಅಲ್ಪವೇನಲ್ಲ. ಓಣಿ, ನಲ್ಲಿ, ಹಿತ್ತಿಲು ಎಂಬ ಮೂರು ಸ್ಥಾನಗಳಲ್ಲಿ ಅವರು ನಗರವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಹೊಸ ಊರಿಗೆ ಹೋಗುವ ಯಾವ ಗೃಹಸ್ಥನೂ ಮನೆಯನ್ನು ಒಪ್ಪಿಕೊಳ್ಳುವ ಮೊದಲು ಈ ಮೂರನ್ನು ನೋಡಿದರೆ ಅವನಿಗೆ ಹಾನಿಯಿಲ್ಲ. ನಾಲ್ಕನೆಯ ಸ್ಥಾನವೊಂದಿದೆ: ಬಾಗಿಲಿನ ಹೊಸ್ತಿಲು. ಅಲ್ಲಿ ನಿಂತು ಹಿಂದಿರುಗಿದವರ ಕಥೆಯನ್ನು ಅವರು ಬರೆಯಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ೨೦೧೬ರಿಂದ ವಸ್ತುಸಂಗ್ರಹಾಲಯವಾಗಿ ಎಲ್ಲರಿಗೂ ತೆರೆದಿದೆ. ಅವರ ಕಾದಂಬರಿಗಳ ಮನೆಗಳನ್ನೂ ಅಷ್ಟೇ ವಿಶಾಲವಾಗಿ ತೆರೆದು ಓದುವ ಹೊಣೆ ವಿಮರ್ಶೆಗೆ ಸೇರಿದ್ದು.