ಅರುಂಧತಿ ತೋರಿಸುವ ಹೊತ್ತಿನ ಫೋಟೊ

ಮದುವೆ ಆಲ್ಬಂ ಎಂದರೆ ನಮ್ಮ ಮನೆಗಳಲ್ಲಿ ಎಲ್ಲರೂ ತಿರುವಿ ಹಾಕುವ, ಯಾರೂ ವಿಮರ್ಶೆ ಬರೆಯದ ಪುಸ್ತಕ. ಕತೆ, ಕಾದಂಬರಿ, ಸಿನಿಮಾ ಎಲ್ಲದರ ಬಗ್ಗೆಯೂ ನಾವು ಇಲ್ಲಿ ಸಾಕಷ್ಟು ಜಗಳವಾಡಿದ್ದೇವೆ. ಆದರೆ ಒಂದು ಕುಟುಂಬ ತಾನು ಹೇಗೆ ಕಾಣಬೇಕೆಂದು ಬಯಸುತ್ತದೆ ಎಂಬುದು ಆ ದಪ್ಪ ರಟ್ಟಿನ ಪುಸ್ತಕದಲ್ಲಿ ಇರುವಷ್ಟು ನಿಚ್ಚಳವಾಗಿ ಬೇರೆಲ್ಲೂ ಇರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೊಂದು ಮುನ್ನುಡಿಯೂ ಸೇರಿಕೊಂಡಿದೆ: ಪ್ರೀ-ವೆಡ್ಡಿಂಗ್ ಶೂಟ್. ಈ ಬರಹ ಆ ಎರಡರ ಬೆಳಕಿನ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಅವು ತಪ್ಪಿಸಿಕೊಂಡು ಓಡಾಡುವ ಒಂದು ಬೆಳಕಿನ ಬಗ್ಗೆ. ಅದು ಮಟಮಟ ಮಧ್ಯಾಹ್ನದ ಬಿಸಿಲು.

ಪುಣೆಯವರು ಪಾವನಾ ಕೆರೆಗೆ ಹೋಗುತ್ತಾರೆ, ಹೈದರಾಬಾದಿನವರು ಕುತುಬ್ ಶಾಹಿ ಗೋರಿಗಳ ಕಡೆಗೆ, ದೆಹಲಿಯವರು ಲೋದಿ ಗಾರ್ಡನ್ನಿಗೆ. ಊರಿಗೇ ಹೋಗಿ ತೆಗೆಸೋಣ ಎಂದವರು ಹಂಪಿಯ ಬಂಡೆ ಹತ್ತುತ್ತಾರೆ. ಜಾಗ ಯಾವುದೇ ಇರಲಿ, ಸೂರ್ಯ ಮಾತ್ರ ಒಬ್ಬನೇ. ಇಬ್ಬರ ಬೆನ್ನ ಹಿಂದೆ, ದಿಗಂತದಿಂದ ಗೇಣುದ್ದ ಮೇಲೆ, ಜೇನಿನ ಬಣ್ಣದಲ್ಲಿ ನಿಂತಿರುತ್ತಾನೆ. ಹುಡುಗಿಯ ಕೂದಲಿನ ಅಂಚು ಹೊಳೆಯುತ್ತದೆ, ಹುಡುಗ ಅವಳ ಹಣೆಗೆ ಹಣೆ ತಾಗಿಸಿರುತ್ತಾನೆ, ಹಿನ್ನೆಲೆಯೆಲ್ಲ ಕರಗಿದ ಬೆಣ್ಣೆ. ಇದಕ್ಕೆ 'ಗೋಲ್ಡನ್ ಅವರ್' ಎಂದು ಹೆಸರು. ಹತ್ತು ಜೋಡಿಗಳ ಇಂಥ ಚಿತ್ರಗಳನ್ನು ಕಲಸಿ ಮುಂದಿಟ್ಟರೆ ಯಾವುದು ಹಂಪಿ, ಯಾವುದು ಪಾವನಾ ಎಂದು ಬೇರ್ಪಡಿಸುವುದು ಕಷ್ಟ. ಕೆಲವೊಮ್ಮೆ ಯಾವ ಜೋಡಿ ಯಾವುದೆಂದೂ.

ಫೋಟೊಗ್ರಾಫರುಗಳ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಅವರು ನಡುಹಗಲಿಗೆ ಹೆದರುವುದಕ್ಕೆ ಗಟ್ಟಿ ಕಾರಣವಿದೆ. ನೆರಳು ಮೆತ್ತಗಿರಬೇಕಾದರೆ ಬೆಳಕಿನ ಮೂಲ ಅಗಲವಾಗಿರಬೇಕು. ಸೂರ್ಯ ಎಷ್ಟೇ ದೊಡ್ಡವನಾದರೂ ನಮ್ಮ ಕಣ್ಣಿಗೆ ಅವನ ಅಗಲ ಸುಮಾರು ಅರ್ಧ ಡಿಗ್ರಿ, ಹುಣ್ಣಿಮೆ ಚಂದ್ರನಷ್ಟೇ. ಹೀಗಾಗಿ ಬಿಸಿಲಿನ ನೆರಳಿಗೆ ಕತ್ತರಿಸಿದಂಥ ಅಂಚು. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ, ಮುಖ ಮೆತ್ತಗಾಗುತ್ತದೆ. ಅದರ ಮೇಲೆ ನಮ್ಮ ಅಕ್ಷಾಂಶ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರಕ್ಕೆ, ಪುಣೆ ಮುಂಬೈಗಳಲ್ಲಿ ಮೇ ಮಧ್ಯಭಾಗಕ್ಕೆ ಸೂರ್ಯ ನಡುಹಗಲಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ದೆಹಲಿಯ ಗೆಳೆಯರಿಗೆ ಈ ಭಾಗ್ಯ ವರ್ಷವಿಡೀ ಇಲ್ಲ, ಅವರ ಊರು ಕರ್ಕಾಟಕ ವೃತ್ತದ ಆಚೆಗಿದೆ. ಏಪ್ರಿಲ್-ಮೇ ಎಂದರೆ ನಮ್ಮ ಮದುವೆಗಳ ಸುಗ್ಗಿಯೂ ಹೌದು. ಆ ಬೆಳಕಿನಲ್ಲಿ ಹುಬ್ಬಿನ ನೆರಳು ಕಣ್ಣಿನ ಗುಳಿ ತುಂಬುತ್ತದೆ, ಮೂಗಿನ ನೆರಳು ಮೀಸೆಯಂತೆ ತುಟಿಯ ಮೇಲೆ ಇಳಿಯುತ್ತದೆ. ಒಬ್ಬರೇ ಆದರೆ ಮುಖ ತುಸು ಎತ್ತಿಸಿ ದಾರಿ ಮಾಡಬಹುದು. ಇಬ್ಬರಾದರೆ ಹೊಸ ತೊಡಕು: ಸೂರ್ಯ ಒಂದಿಷ್ಟು ವಾಲಿದ ಕೂಡಲೇ ಎತ್ತರದವರ ನೆರಳು ಗಿಡ್ಡವರ ಮುಖದ ಮೇಲೆ. ಗಂಡಿನ ಪೇಟದ ನೆರಳಿನಲ್ಲಿ ಹೆಣ್ಣಿನ ಅರ್ಧ ಮುಖ ಮುಳುಗಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ.

ಇಷ್ಟೆಲ್ಲ ನಿಜ. ಆದರೆ ಮದುವೆ ನಡೆಯುವುದು ಯಾವಾಗ? ಉತ್ತರ ಕರ್ನಾಟಕದ ಯಾವ ಲಗ್ನಪತ್ರಿಕೆ ತೆಗೆದರೂ ಮಧ್ಯಾಹ್ನ ಹನ್ನೆರಡು ದಾಟಿದ ಅಕ್ಷತೆಯ ಹೊತ್ತು ಕಾಣುತ್ತದೆ. ಬೇರೆ ಮುಹೂರ್ತ ಕೂಡಿಬರದಿದ್ದರೆ ಅಭಿಜಿನ್ ಲಗ್ನ ಇದ್ದೇ ಇದೆ, ಅದು ನಡುಹಗಲೇ. ಗೋಧೂಳಿಯಲ್ಲಿ ಆಗುವ ಮದುವೆಗಳು ಇವೆ, ಕಡಿಮೆ. ಅಂದರೆ ಇಬ್ಬರು ಗಂಡಹೆಂಡತಿಯಾಗುವ ಗಳಿಗೆಗೆ ನಮ್ಮ ಹಿರಿಯರು ಗೊತ್ತುಮಾಡಿದ ಬೆಳಕು ಬಿರುಬಿಸಿಲು. ಆ ಗಳಿಗೆಯನ್ನು ಛತ್ರದೊಳಗೆ ಎಲ್‌ಇಡಿ ಪ್ಯಾನೆಲ್ ಹಚ್ಚಿ ತೆಗೆಯುತ್ತೇವೆ, ಇನ್ನೊಂದು ದಿನ ಇನ್ನೊಂದು ಊರಿನಲ್ಲಿ ಇನ್ನೊಂದು ಸೂರ್ಯನನ್ನು ಹುಡುಕಿಕೊಂಡು ಹೋಗುತ್ತೇವೆ.

ಹಾಗಿದ್ದರೂ ಹಳೆಯ ಆಲ್ಬಂಗಳಲ್ಲಿ ಒಂದು ಚಿತ್ರ ಈ ನಿಯಮವನ್ನು ಮುರಿದು ಉಳಿದುಕೊಂಡಿದೆ. ಅರುಂಧತಿ ದರ್ಶನದ ಫೋಟೊ. ಸಪ್ತಪದಿಯಾದ ಮೇಲೆ ಪುರೋಹಿತರು ಜೋಡಿಯನ್ನು ಛತ್ರದ ಹೊರಗೆ ಕರೆತಂದು, ಸಪ್ತರ್ಷಿ ಮಂಡಲದಲ್ಲಿ ವಸಿಷ್ಠರ ಪಕ್ಕದ ಮಿಣುಕು ಚುಕ್ಕಿಯನ್ನು ನೋಡಿ ಎನ್ನುತ್ತಾರೆ. ಹೊತ್ತು ಹನ್ನೆರಡೋ ಒಂದೋ. ಚುಕ್ಕಿ ಎಲ್ಲಿಂದ ಬರಬೇಕು? "ಕಂಡಿತೇ?" ಎಂದರೆ "ಕಂಡಿತು" ಎನ್ನಬೇಕು, ಮುಗಿಯಿತು. ಇದು ವಿಧಿಯಾದ್ದರಿಂದ ಫೋಟೊಗ್ರಾಫರಿಗೆ ಹೊತ್ತು ಬದಲಿಸುವ ಅಧಿಕಾರವಿಲ್ಲ. ಬಂದ ಬಿಸಿಲಿನಲ್ಲೇ ತೆಗೆಯಬೇಕು.

ಆ ಚಿತ್ರವನ್ನು ಸುಮ್ಮನೆ ನೋಡಿ. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಒಬ್ಬರನ್ನೊಬ್ಬರೂ ನೋಡುತ್ತಿಲ್ಲ. ಇಬ್ಬರ ಕಣ್ಣೂ ಕಿರಿದಾಗಿವೆ, ಒಬ್ಬರ ಕೈ ಹಣೆಗೆ ಅಡ್ಡ ಬಂದಿದೆ. ಬಾಸಿಂಗದ ನೆರಳು ಹಣೆಯ ಮೇಲೆ ಬಲೆ ಹೆಣೆದಿದೆ. ಅರಿಶಿನ ಬೆವರಿನಲ್ಲಿ ಇಳಿದಿದೆ. ಕಾಣದ್ದನ್ನು ಇಬ್ಬರೂ ಸೇರಿ ಹುಡುಕುತ್ತಿದ್ದಾರೆ, ಕಾಣುತ್ತಿಲ್ಲವೆಂದು ಇಬ್ಬರಿಗೂ ಗೊತ್ತು, ತುಟಿಯಂಚಿನಲ್ಲಿ ಸಣ್ಣ ನಗೆ. ಅಂದು ಅವರಿಬ್ಬರೂ ಹಂಚಿಕೊಂಡ ಮೊದಲ ಗುಟ್ಟು ಅದೇ ಇರಬೇಕು. ದಾಂಪತ್ಯದ ಬಗ್ಗೆ ಆ ಒಂದು ಚಿತ್ರ ಹೇಳುವಷ್ಟನ್ನು ಹಣೆಗೆ ಹಣೆ ತಾಗಿಸಿದ ಇನ್ನೂರು ಚಿತ್ರಗಳು ಹೇಳುವುದಿಲ್ಲ. ಛಾಯಾಗ್ರಹಣದ ಪಾಠದ ಪ್ರಕಾರ ಅದರಲ್ಲಿ ಎಲ್ಲವೂ ತಪ್ಪು. ಆ ತಪ್ಪುಗಳೇ ಅದರ ಅರ್ಥ ಹೊತ್ತಿವೆ.

ಬೆಳಕು ಅಲಂಕಾರವಲ್ಲ, ಅರ್ಥ ಎಂಬುದನ್ನು ನಮ್ಮ ಸಿನಿಮಾದವರು ಬಹಳ ಹಿಂದೆಯೇ ಅರಿತಿದ್ದರು. ರಾಮನಗರದ ಬಂಡೆಗಳಲ್ಲಿ ತಯಾರಾಗಿ 1975ರಲ್ಲಿ ಬಂದ 'ಶೋಲೆ'ಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಜೋಡಿಗಳು, ಎರಡು ಬೆಳಕು. ರಾಧಾ ಮಹಡಿಯ ಪಡಸಾಲೆಯಲ್ಲಿ ಒಂದೊಂದೇ ದೀಪ ಆರಿಸುತ್ತಾಳೆ, ಜೈ ಕೆಳಗೆ ಕೂತು ಮೌತ್ ಆರ್ಗನ್ ನುಡಿಸುತ್ತಾನೆ. ಅದು ಸೂರ್ಯ ಮುಳುಗಿದ ಮೇಲಿನ ಕೆಲವೇ ನಿಮಿಷಗಳ ಬೆಳಕು; ಛಾಯಾಗ್ರಾಹಕ ದ್ವಾರಕಾ ದಿವೇಚಾ ಮತ್ತು ನಿರ್ದೇಶಕ ರಮೇಶ್ ಸಿಪ್ಪಿ ಆ ದೃಶ್ಯಕ್ಕಾಗಿ ಹಲವು ಸಂಜೆಗಳನ್ನು ಕಾದರು. ಹೇಳಲಾಗದ ಪ್ರೀತಿಗೆ ಆ ಬೆಳಕೇ ಬೇಕಿತ್ತು. ಇನ್ನೊಂದು ಜೋಡಿ ವೀರು ಮತ್ತು ಬಸಂತಿ. ಅವನನ್ನು ಕಟ್ಟಿಹಾಕಿದ್ದಾರೆ, ಅವನ ಉಸಿರು ಉಳಿಸಲು ಅವಳು ಗಾಜಿನ ಚೂರುಗಳ ಮೇಲೆ ಕುಣಿಯುತ್ತಿದ್ದಾಳೆ. ಸುತ್ತ ಬರೀ ಬಂಡೆ, ಮೇಲೆ ಸುಡುವ ಹಗಲು. ಬೆವರು, ಧೂಳು, ಕಣ್ಣು ಕೋರೈಸುವ ಬಿಳುಪು. ಆ ಕುಣಿತವನ್ನು ಸಂಜೆಗೆಂಪಿನಲ್ಲಿ ಇಟ್ಟಿದ್ದರೆ ಅದೊಂದು ಚೆಂದದ ಹಾಡು ಮಾತ್ರ ಆಗುತ್ತಿತ್ತು. ಗುಟ್ಟಾಗಿರುವ ಪ್ರೀತಿಗೆ ಮುಸ್ಸಂಜೆ, ಪಣಕ್ಕಿಟ್ಟ ಪ್ರೀತಿಗೆ ಬಿಸಿಲು. ನಮ್ಮ ಪ್ರೀ-ವೆಡ್ಡಿಂಗ್ ಉದ್ಯಮ 'ಶೋಲೆ'ಯಿಂದ ಮೊದಲನೆಯದನ್ನಷ್ಟೇ ಕಲಿತಂತಿದೆ. ವಿಚಿತ್ರವೆಂದರೆ, ಊರೆಲ್ಲ ನೋಡುವಂತೆ ಒಬ್ಬರ ಕೈ ಒಬ್ಬರು ಹಿಡಿಯುವ ಮದುವೆಯಲ್ಲಿ ಗುಟ್ಟೇನೂ ಇರುವುದಿಲ್ಲ.

ಇನ್ನೊಂದು ಉದಾಹರಣೆ ವಲಸಿಗರಾದ ನಮಗೆ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬೈ ಸೇರಿದ ವಿ.ಕೆ. ಮೂರ್ತಿ, 1959ರ 'ಕಾಗಜ್ ಕೆ ಫೂಲ್'ನಲ್ಲಿ ಗುರುದತ್ ಮತ್ತು ವಹೀದಾ ರೆಹಮಾನರನ್ನು ಖಾಲಿ ಸ್ಟುಡಿಯೋದ ಕತ್ತಲಲ್ಲಿ ನಿಲ್ಲಿಸಿದರು. ಅವರ ನಡುವೆ ಮೇಲಿಂದ ಇಳಿಯುವ ಬೆಳಕಿನ ಕೋಲು ಇಂದಿಗೂ ಮಾತಾಗಿದೆ. ಅದು ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಗೆ ತಂದ ಹೊರಗಿನ ಬಿಸಿಲು. ಅದಕ್ಕೆ ಮೂರು ವರ್ಷ ಮೊದಲು 'ಅಪರಾಜಿತೊ'ದಲ್ಲಿ ಸುಬ್ರತ ಮಿತ್ರ, ಕಾಶಿಯ ಮನೆಯಂಗಳದ ನೆರಳಿಲ್ಲದ ಬೆಳಕಿಗಾಗಿ ಸ್ಟುಡಿಯೋದಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪಗಳನ್ನು ಅದಕ್ಕೆ ತಿರುಗಿಸಿದ್ದರು. ಒಬ್ಬರು ಬೆಳಕನ್ನು ಮೆದುವಾಗಿಸಿದರು, ಇನ್ನೊಬ್ಬರು ಬಿರುಸಾಗಿಯೇ ಬಿಟ್ಟರು. ಇಬ್ಬರೂ ಕತೆ ಏನು ಕೇಳುತ್ತಿದೆ ಎಂದು ನೋಡಿ ಆರಿಸಿಕೊಂಡರು. ಆಯ್ಕೆಯೇ ಇಲ್ಲದೆ ಪ್ರತಿಯೊಂದು ಜೋಡಿಗೂ ಒಂದೇ ಜೇನುಬಣ್ಣ ಬಳಿಯುವುದು ಕಲೆಯಲ್ಲ, ಟೆಂಪ್ಲೇಟ್. ಟೆಂಪ್ಲೇಟುಗಳ ಬಗ್ಗೆ ನನಗೆ ಸ್ವಲ್ಪ ಗೊತ್ತು, ಅವುಗಳಲ್ಲೇ ಹೊಟ್ಟೆ ಹೊರೆಯುವವನು ನಾನು.

ನನ್ನ ನಿಜವಾದ ತಕರಾರು ಇರುವುದು ಮೈಬಣ್ಣದ ವಿಚಾರದಲ್ಲಿ. "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಎಂಬ ಮಾತು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಸಿಗುವುದು ಕಷ್ಟ. ಫೋಟೊಗ್ರಾಫರರ ಬಿಸಿಲಿನ ಭಯದೊಳಗೆ ಈ ಹಳೆಯ ಭಯವೂ ಬೆರೆತಿದೆ. ಎಳೆಬಿಸಿಲಿನಲ್ಲಿ ಹಿಂಬೆಳಕಿಟ್ಟು ತೆಗೆದರೆ ಮುಖ ನೆರಳಿಗೆ ಬೀಳುತ್ತದೆ. ನೆರಳಿನ ಮುಖವನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಬೆಳ್ಳಗೆ ಎತ್ತಬಹುದು. ನೇರ ಬಿಸಿಲಿನಲ್ಲಿ ಹಾಗಲ್ಲ, ಚರ್ಮ ತನ್ನ ಬಣ್ಣವನ್ನು ತಾನೇ ಹೇಳಿಬಿಡುತ್ತದೆ. ಈ ಪಕ್ಷಪಾತ ಯಂತ್ರದೊಳಗೂ ಇತ್ತು. ಕಳೆದ ಶತಮಾನದ ನಡುಭಾಗದಿಂದ ಕೊಡಾಕ್ ಕಂಪನಿ ಬಣ್ಣ ಹೊಂದಿಸಿಕೊಳ್ಳಲು ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ಇದ್ದದ್ದು ಬಿಳಿಯ ಹೆಣ್ಣಿನ ಮುಖ. ಅವಳ ಚರ್ಮ ಸರಿ ಬಂದರೆ ಎಲ್ಲವೂ ಸರಿ ಎಂದು ಲೆಕ್ಕ. ಇವತ್ತಿನ ಸೆನ್ಸರುಗಳಿಗೆ ಆ ಕಟ್ಟುಪಾಡಿಲ್ಲ. ಕಟ್ಟುಪಾಡು ಈಗ ಎಡಿಟಿಂಗ್ ಸ್ಲೈಡರ್ ಹಿಡಿದ ಕೈಯಲ್ಲಿದೆ.

ನನ್ನ ತಂಡದಲ್ಲಿದ್ದ ರಾಯಚೂರು ಕಡೆಯ ಹುಡುಗಿಯೊಬ್ಬಳು ತನ್ನ ಆಲ್ಬಂ ಬಗ್ಗೆ ಹೇಳಿದ್ದು ಮರೆಯುವಂತಿಲ್ಲ. ಅವಳಜ್ಜಿ ಮೊದಲ ಪುಟ ನೋಡಿ, "ಹುಡುಗಿ ಚೆಂದ ಅದಾಳ, ಯಾರ ಮನಿಯಾಕಿ?" ಎಂದು ಕೇಳಿದರಂತೆ. ಮನೆಯವರೆಲ್ಲ ನಕ್ಕರು. ಅವಳಿಗೂ ನಗು ಬಂತು, ಆದರೆ ಆಮೇಲೆ ಆಲ್ಬಂ ತೆಗೆಯುವುದನ್ನೇ ಬಿಟ್ಟಳು. ಬಿಸಿಲು ನಾಡಿನ ಮಗಳೊಬ್ಬಳ ಮದುವೆಯ ದಾಖಲೆಯಲ್ಲಿ ಅವಳ ಬಿಸಿಲೂ ಇಲ್ಲ, ಬಣ್ಣವೂ ಇಲ್ಲ. ಊರು ಬಿಟ್ಟು ಬಂದ ನಮಗೆ ಆಲ್ಬಂ ಎಂದರೆ ಊರಿನೊಂದಿಗಿನ ನಂಟಿನ ಪುರಾವೆ. ಪುರಾವೆಯನ್ನೇ ತಿದ್ದಿದರೆ ಉಳಿಯುವುದೇನು?

ಹಾಗಾದರೆ ಬಿಸಿಲಿನಲ್ಲಿ ತೆಗೆಯುವುದು ಹೇಗೆ? ಇದು ಸಾಹಸವೇನಲ್ಲ, ಕಸುಬು. ಛತ್ರದ ಜಗಲಿ, ಗುಡಿಯ ಮಂಟಪ, ಹುಣಸೆಮರ, ಯಾವುದಾದರೊಂದು ನೆರಳಿನ ಅಂಚಿಗೆ ಬರಬೇಕು. ನೆರಳಿನೊಳಗೆ ಒಂದೇ ಹೆಜ್ಜೆ ಇಟ್ಟು ಬಿಸಿಲಿನ ಕಡೆ ಮುಖ ಮಾಡಿದರೆ ಮುಂದಿನ ನೆಲವೇ ದೀಪವಾಗುತ್ತದೆ. ನೆಲದ ಬಣ್ಣ ಮಾತ್ರ ಗಮನಿಸಬೇಕು: ಕೆಮ್ಮಣ್ಣು ಗಲ್ಲಕ್ಕೆ ಕೆಂಪು ಬಳಿಯುತ್ತದೆ, ಹುಲ್ಲುಹಾಸು ಹಸಿರು ಬಳಿಯುತ್ತದೆ, ಕಲ್ಲಿನ ಚಪ್ಪಡಿ ಮೋಸ ಮಾಡುವುದಿಲ್ಲ. ಬಯಲಲ್ಲೇ ನಿಲ್ಲಬೇಕಾದರೆ ಇಬ್ಬರಿಗೂ ಸೂರ್ಯನಿಗೆ ಬೆನ್ನು ಕೊಡಿಸಿ ಮುಂದಿನಿಂದ ಸಣ್ಣ ಫ್ಲಾಶ್ ಕೊಡಬಹುದು. ಅಥವಾ ಇಬ್ಬರನ್ನೂ ಸೂರ್ಯನಿಗೆ ಒಂದೇ ದೂರದಲ್ಲಿ, ಅಕ್ಕಪಕ್ಕ, ಮುಖ ತುಸು ಮೇಲೆತ್ತಿ ನಿಲ್ಲಿಸಿದರೆ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಅರುಂಧತಿ ನೋಡುವ ಭಂಗಿ ಇದೇ ಅಲ್ಲವೇ? ಎಕ್ಸ್‌ಪೋಷರ್‌ಗೆ ಹಳೆಯ 'ಸನ್ನಿ 16' ಸೂತ್ರವೇ ಸಾಕು: ಐಎಸ್‌ಒ 100, ಅಪರ್ಚರ್ ಎಫ್/16, ಶಟರ್ ಸೆಕೆಂಡಿನ ನೂರನೇ ಒಂದು ಭಾಗ. ಹಿನ್ನೆಲೆ ಕರಗಲೇಬೇಕೆಂದು ಎಫ್/2ಕ್ಕೆ ಹೋದರೆ ಶಟರ್ 6400ರಲ್ಲಿ ಒಂದು ಭಾಗಕ್ಕೆ ಏರಬೇಕು. ನನ್ನ ಮಾತು ಕೇಳುವುದಾದರೆ ಕರಗಿಸಬೇಡಿ. ಹಿಂದೆ ಚಪ್ಪರ ಇದೆ, ಎಲೆ ಹೊತ್ತು ಓಡುವ ಅಡುಗೆಯವರಿದ್ದಾರೆ, ಚಿಕ್ಕಮ್ಮಂದಿರಿದ್ದಾರೆ. ಅವರೆಲ್ಲ ಕಾಣಲಿ. ಎಲ್ಲಕ್ಕಿಂತ ಮುಖ್ಯ, ಬಿಳಿ ಪಂಚೆಗೂ ಜರಿಗೂ ಮರುಳಾಗಿ ಬಿಳುಪು ಸುಟ್ಟುಹೋಗಲು ಬಿಡಬಾರದು. ಸಿಗ್ನಲ್ ಒಮ್ಮೆ ಕ್ಲಿಪ್ ಆದರೆ ಅಲ್ಲಿದ್ದ ಮಾಹಿತಿ ಹೋಯಿತು, ಯಾವ ಸಾಫ್ಟ್‌ವೇರೂ ವಾಪಸು ತರುವುದಿಲ್ಲ. "ಎಡಿಟಿಂಗ್‌ನಲ್ಲಿ ಸರಿಮಾಡೋಣ" ಎಂಬ ಮಾತಿಗೆ ನಮ್ಮ ಆಫೀಸಿನಲ್ಲೂ ಒಬ್ಬ ಅವಳಿ ಇದ್ದಾನೆ, "ರಿಲೀಸ್ ಆದಮೇಲೆ ಸರಿಮಾಡೋಣ" ಎಂದು. ಅವನ ಯೋಗ್ಯತೆ ನಿಮಗೆ ಗೊತ್ತೇ ಇದೆ.

ಬಿಸಿಲೊಂದೇ ಸತ್ಯ, ಸಂಜೆಬೆಳಕು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸೋಮಾರಿ ಕೈಯಲ್ಲಿ ನಡುಹಗಲೂ ಕ್ರೂರ: ಕಣ್ಣಿಲ್ಲದ ಮುಖಗಳು, ಬೆಂದ ಬಣ್ಣಗಳು. ಮೇ ತಿಂಗಳಲ್ಲಿ ರೇಷ್ಮೆ ಸೀರೆ ಉಟ್ಟವಳನ್ನು ಕಲೆಯ ಹೆಸರಲ್ಲಿ ಅರ್ಧ ಗಂಟೆ ಬಯಲಲ್ಲಿ ನಿಲ್ಲಿಸುವುದು ಕಲೆಯಲ್ಲ, ಶಿಕ್ಷೆ. ಮಾಲಿ ದೇಶದ ಮಲಿಕ್ ಸಿದಿಬೆ, ಬಮಾಕೊದ ಹುಡುಗ ಹುಡುಗಿಯರನ್ನು ನೈಜರ್ ನದಿಯ ದಂಡೆಯಲ್ಲಿ ಹಗಲುಬಿಸಿಲಲ್ಲೇ ತೆಗೆದ ಚಿತ್ರಗಳಲ್ಲಿ ಶಿಕ್ಷೆಯ ಸುಳಿವೂ ಇಲ್ಲ. ಕಪ್ಪು ಮೈ ಮೇಲೆ ಬಿಸಿಲು ಹೊಳೆಯುತ್ತದೆ, ಅವರು ನಗುತ್ತಾರೆ, ನೋಡುವವರಿಗೆ ಅಲ್ಲಿಗೆ ಹೋಗಬೇಕೆನಿಸುತ್ತದೆ. ಬಿಸಿಲು ಅವರನ್ನು ಕೆಡಿಸಿಲ್ಲ. ಅವರಿಗೆ ಅದರ ಮುಂದೆ ನಾಚಿಕೆಯಿಲ್ಲ, ಅಷ್ಟೇ.

ನಮ್ಮ ಓದುಗರಲ್ಲಿ ಹಲವರ ಮದುವೆ ಇನ್ನೂ ಆಗಬೇಕಿದೆ. ಅವರಿಗೆ ಒಂದೇ ಸಲಹೆ. ಫೋಟೊಗ್ರಾಫರರ ಜೊತೆ ಮಾತಾಡುವಾಗ ಪ್ಯಾಕೇಜು, ಡ್ರೋನು, ಪುಟಗಳ ಸಂಖ್ಯೆ ಎಲ್ಲ ಕೇಳಿಯಾದ ಮೇಲೆ, ಅವರು ನಡುಹಗಲಲ್ಲಿ ಹೊರಗೆ ತೆಗೆದ ಒಂದು ಜೋಡಿಯ ಚಿತ್ರ ತೋರಿಸಲು ಹೇಳಿ. ಆ ಚಿತ್ರದಲ್ಲಿ ಹುಡುಗಿಯ ಮುಖದ ಬಣ್ಣವನ್ನೂ ಅವಳದೇ ಕೈಯ ಬಣ್ಣವನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಇದ್ದರೆ ಮುಂಗಡ ಕೊಟ್ಟುಬಿಡಿ.