ಉದಾಜಿ ಚವಾಣ: ಬಂಡುಕೋರನೋ, ಸೋತ ಪಕ್ಷದ ಸರದಾರನೋ?

ಜೇಮ್ಸ್ ಗ್ರಾಂಟ್ ಡಫ್ ಬರೆದ ಮರಾಠರ ಇತಿಹಾಸ 1826ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಥಣಿ, ಕಾಗವಾಡ, ಚಿಕ್ಕೋಡಿ ಕಡೆಯ ಹದಿನೆಂಟನೆಯ ಶತಮಾನ ಹೇಗಿತ್ತೆಂದು ತಿಳಿಯಬೇಕಾದವರು ಇವತ್ತಿಗೂ ಅದನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ದಾಖಲೆಗಳು ಚೆದುರಿಹೋಗುವ ಮುನ್ನ ಕೂಡಿಸಿದವನು, ಊರು, ನದಿ, ಕಂದಾಯ ಎಲ್ಲವನ್ನೂ ತಾಳ್ಮೆಯಿಂದ ಬರೆದವನು ಅವನು. ಆ ಋಣ ನಮ್ಮ ಮೇಲಿದೆ. ಆದರೆ ಕೊಲ್ಲಾಪುರದ ಪಕ್ಷದ ಸರದಾರ ಉದಾಜಿ ಚವಾಣನ ವಿಷಯಕ್ಕೆ ಬಂದಾಗ ಡಫ್‌ನ ತೀರ್ಪನ್ನು ನಾನು ಒಪ್ಪಲಾರೆ.

ಕಾಲ ಯಾವುದೆಂದು ಮೊದಲು ನೋಡಬೇಕು. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬಂದ ಶಾಹು ಸಾತಾರೆಯಲ್ಲಿ ಗಾದಿ ಏರಿದ. ಅವನ ಚಿಕ್ಕಮ್ಮ ತಾರಾಬಾಯಿ ಅದನ್ನು ಒಪ್ಪಲಿಲ್ಲ. ಶಿವಾಜಿಯ ಮನೆ ಎರಡಾಯಿತು: ಸಾತಾರಾ ಒಂದು, ಕೊಲ್ಲಾಪುರ ಒಂದು. 1714ರಲ್ಲಿ ತಾರಾಬಾಯಿಯನ್ನು ಸೆರೆಯಲ್ಲಿಟ್ಟು ಕೊಲ್ಲಾಪುರದ ಗಾದಿ ಅವಳ ಸವತಿ ರಾಜಸಬಾಯಿಯ ಮಗ ಸಂಭಾಜಿಯ ಕೈಗೆ ಹೋಯಿತು. ದಾಯಾದಿಗಳ ಈ ಯುದ್ಧ ಕೃಷ್ಣಾ, ವಾರಣಾ ನದಿಗಳ ದಂಡೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಇಬ್ಬರು ಛತ್ರಪತಿಗಳು, ಎರಡು ಮುದ್ರೆ, ಎರಡು ದಂಡು. ಸರದಾರನಾದವನು ಯಾವುದಾದರೂ ಒಂದು ಕಡೆ ನಿಲ್ಲಲೇಬೇಕಿತ್ತು. ಯಾವ ಕಡೆ ನಿಂತರೂ ಇನ್ನೊಂದು ಕಡೆಯವರಿಗೆ ಅವನು ದ್ರೋಹಿಯೇ.

ಉದಾಜಿ ಬೀದಿಪಾಲಾದ ಕುದುರೆ ಸವಾರನಲ್ಲ. ಅವನ ತಂದೆ ವಿಠೋಜಿ ಚವಾಣ ತಾರಾಬಾಯಿಯ ಗಂಡ ರಾಜಾರಾಮನ ಕಾಲದ ವೀರ. ಸಂತಾಜಿ ಘೋರ್ಪಡೆಯ ಜೊತೆಗೂಡಿ ಔರಂಗಜೇಬನ ಬೀಡಿಗೇ ನುಗ್ಗಿ, ಬಾದಶಹನ ಡೇರೆಯ ಹಗ್ಗ ಕಡಿದು, ಮೇಲಿದ್ದ ಬಂಗಾರದ ಕಳಸ ಹೊತ್ತು ತಂದವರಲ್ಲಿ ವಿಠೋಜಿಯೂ ಒಬ್ಬನೆಂದು ಬಖರುಗಳೆಂಬ ಮರಾಠಿ ಗದ್ಯಚರಿತ್ರೆಗಳು ಹೇಳುತ್ತವೆ. ಮನೆತನಕ್ಕೆ ‘ಹಿಮ್ಮತ್ ಬಹಾದ್ದೂರ್’ ಬಿರುದು ಬಂದದ್ದು ರಾಜಾರಾಮನಿಂದ. ತಂದೆ ಯಾವ ಗಾದಿಗೆ ದುಡಿದನೋ ಅದೇ ಗಾದಿ ಈಗ ಕೊಲ್ಲಾಪುರದಲ್ಲಿದೆ ಎಂದು ಮಗ ನಂಬಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಸಂಭಾಜಿಯೂ ರಾಜಾರಾಮನ ಮಗನೇ. ಡಫ್ ಈ ಸಂಬಂಧವನ್ನು ಗಮನಕ್ಕೆ ತರುವುದೇ ಇಲ್ಲ. ಅವನ ಪುಟಗಳಲ್ಲಿ ಉದಾಜಿ ಸುಲಿಗೆಗಾರನಂತೆ ಬರುತ್ತಾನೆ, ಕಾಟ ಕೊಡುತ್ತಾನೆ, ಪೆಟ್ಟು ತಿಂದು ಹೋಗುತ್ತಾನೆ.

ಇದಕ್ಕೆ ಕಾರಣ ಡಫ್ ಕುಳಿತ ಜಾಗದಲ್ಲಿದೆ. 1818ರಲ್ಲಿ ಪೇಶವಾಯಿ ಮುಗಿದ ಮೇಲೆ ಡಫ್ ಸಾತಾರೆಯಲ್ಲಿ ರೆಸಿಡೆಂಟನಾಗಿದ್ದ. ಸಾತಾರೆಯ ರಾಜನ ಮನೆಯ ಕಾಗದಗಳು, ಆ ದರ್ಬಾರಿನ ಚಿಟ್ನಿಸರ ಬಖರು, ಪುಣೆಯ ದಫ್ತರ, ಇವೇ ಅವನ ಮುಖ್ಯ ಆಧಾರ. ಸಾತಾರೆಯ ಕಿಟಕಿಯಿಂದ ನೋಡಿದರೆ ವಾರಣೆಯ ತೆಂಕಣ ದಂಡೆಯವರೆಲ್ಲ ಬಂಡುಕೋರರಾಗಿಯೇ ಕಾಣುತ್ತಾರೆ. ಶಾಹು ಬೇಟೆಗೆ ಹೋದಾಗ ಅವನನ್ನು ಕೊಲ್ಲಲು ಉದಾಜಿ ನಾಲ್ಕು ಜನರನ್ನು ಕಳಿಸಿದ್ದು, ಅವರು ರಾಜನ ಮುಖ ನೋಡಿ ಕೈ ಎತ್ತಲಾರದೆ ಹೋದದ್ದು, ಮರಾಠಿ ಇತಿಹಾಸಗಳಲ್ಲಿ ಮತ್ತೆ ಮತ್ತೆ ಬರುವ ಕಥೆ. ಸಂಚು ನಡೆದಿರಬಹುದು. ಆದರೆ ರಾಜತೇಜಸ್ಸಿಗೆ ಹೆದರಿ ಆಯುಧ ಕೆಳಗಿಡುವ ಕೊಲೆಗಾರರು ಆಸ್ಥಾನದ ಬರಹಗಾರನಿಗೆ ಎಷ್ಟು ಬೇಕಾದವರು ಎಂಬುದನ್ನೂ ವಿಮರ್ಶಕ ಯೋಚಿಸಬೇಕು. ಗೆದ್ದವನ ಮನೆಯಲ್ಲಿ ಹುಟ್ಟಿದ ಕಥೆಗೆ ಸೋತವನ ಮನೆಯಿಂದ ಸಾಕ್ಷಿ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

1731ರ ಏಪ್ರಿಲ್ ತಿಂಗಳನ್ನು ತೆಗೆದುಕೊಳ್ಳಿ. ಆ ತಿಂಗಳ ಮೊದಲನೆಯ ದಿನ ಗುಜರಾತಿನ ಡಭೋಯಿಯಲ್ಲಿ ಪೇಶವೆ ಬಾಜೀರಾವ್ ಶಾಹುವಿನದೇ ಸೇನಾಪತಿ ತ್ರಿಂಬಕರಾವ್ ದಾಭಾಡೆಯ ಮೇಲೆ ಬಿದ್ದ, ದಾಭಾಡೆ ಹತನಾದ. ಒಂದೇ ರಾಜನ ಉಪ್ಪುಂಡ ಇಬ್ಬರ ನಡುವಿನ ಯುದ್ಧ ಅದು. ಆದರೂ ಇತಿಹಾಸ ಅದನ್ನು ಮುತ್ಸದ್ದಿತನವೆಂದು ಬರೆದುಕೊಂಡಿತು. ಅದೇ ತಿಂಗಳ 13ರಂದು ಸಾತಾರಾ, ಕೊಲ್ಲಾಪುರಗಳ ನಡುವೆ ವಾರಣಾ ಒಪ್ಪಂದವಾಯಿತು. ಅದಕ್ಕೂ ಮೊದಲು ವಾರಣೆಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಸಂಭಾಜಿ ಮತ್ತು ಉದಾಜಿಯನ್ನು ಶಾಹುವಿನ ಕಡೆಯ ಶ್ರೀಪತರಾವ್ ಪ್ರತಿನಿಧಿ ಮುರಿದಿದ್ದ. ಅವರು ಪನ್ಹಾಳಕ್ಕೆ ಓಡಿದರು. ಡೇರೆ, ಸಾಮಾನು ಎಲ್ಲ ಶತ್ರುವಿನ ಪಾಲಾಯಿತು. ತಾರಾಬಾಯಿಯೂ ಸಂಭಾಜಿಯ ಹೆಂಡತಿ ಜಿಜಾಬಾಯಿಯೂ ಸೆರೆಸಿಕ್ಕರು. ಬಾಜೀರಾವ್ ಗೆದ್ದ, ಉದಾಜಿ ಸೋತ. ಇಬ್ಬರ ನಡತೆಯ ನಡುವೆ ನನಗೆ ಕಾಣುವ ವ್ಯತ್ಯಾಸ ಇದೊಂದೇ.

ಇಷ್ಟು ಹೇಳಿದ ಮೇಲೂ ಉದಾಜಿಯ ಬಗ್ಗೆ ಅತ್ಯಂತ ಬೆಲೆಬಾಳುವ ಮಾತು ಸಿಗುವುದು ಡಫ್‌ನಲ್ಲೇ. ಬತ್ತೀಸ ಶಿರಾಳೆಯ ಸಣ್ಣ ಕೋಟೆ ಹಿಡಿದು ಉದಾಜಿ ಎಷ್ಟು ಬಲಿತನೆಂದರೆ, ಶಾಹು ರಾಜಿಗೆ ಬಂದು ಶಿರಾಳೆ ಮತ್ತು ಕರಾಡಿನ ಚೌಥವನ್ನು ಅವನಿಗೆ ಬಿಟ್ಟುಕೊಟ್ಟ. ಉದಾಜಿ ಅದನ್ನು ಬಹಳ ಕಾಲ ತನ್ನ ಸ್ವಂತ ಉತ್ಪನ್ನವಾಗಿ ಉಂಡ. ಬಂಡುಕೋರನೆಂದು ಕರೆಸಿಕೊಂಡವನಿಗೆ ರಾಜನೇ ಕಂದಾಯದ ಪಾಲು ಬರೆದುಕೊಟ್ಟಿದ್ದಾನೆ ಎಂದರೆ ಅವನನ್ನು ಸರದಾರನೆಂದು ಒಪ್ಪಿದಂತೆ. ಡಫ್ ತಾನೇ ಕೊಟ್ಟ ಸಂಗತಿ ತನ್ನ ತೀರ್ಪನ್ನು ತಾನೇ ಅಲ್ಲಗಳೆಯುತ್ತದೆ.

ಡಫ್‌ನ ಬರಹದಲ್ಲಿ ಅದಕ್ಕಿಂತ ದೊಡ್ಡ ಕೊರತೆ ಹಳ್ಳಿಯ ವಿಷಯದಲ್ಲಿದೆ. ಚೌಥ ಎಂದರೆ ಕಂದಾಯದ ಕಾಲು ಭಾಗ. ಅದರ ಮೇಲೆ ಹತ್ತರಲ್ಲೊಂದು ಸರದೇಶಮುಖಿ. 1719ರ ನಂತರ ಚೌಥದಲ್ಲೇ ರಾಜನ ಬಾಬತಿ ಕಾಲು ಭಾಗ, ಸಾಹೋತ್ರಾ ನೂರಕ್ಕೆ ಆರು, ನಾಡಗೌಡ ನೂರಕ್ಕೆ ಮೂರು, ಉಳಿದ ಅರವತ್ತಾರು ಸರದಾರನ ಮೊಕಾಸೆ. ಈ ಹಂಚಿಕೆಯನ್ನು ಬಿಡಿಸಿ ಬಿಡಿಸಿ ವಿವರಿಸಿದವನು ಡಫ್. ಆದರೆ ಇಬ್ಬರು ಛತ್ರಪತಿಗಳು ಒಂದೇ ಸೀಮೆಯ ಮೇಲೆ ಹಕ್ಕು ಹೇಳಿದಾಗ, ಬೆಳಿಗ್ಗೆ ಸಾತಾರೆಯ ಸವಾರ, ಸಂಜೆ ಕೊಲ್ಲಾಪುರದ ಸವಾರ ಬಂದು ಚಾವಡಿ ಕಟ್ಟೆಯ ಮೇಲೆ ಕುಳಿತಾಗ ಪಾಟೀಲ ಯಾರಿಗೆ ಎಣಿಸಿ ಕೊಟ್ಟ, ಕುಲಕರ್ಣಿ ಯಾರ ಹೆಸರಿಗೆ ಬರೆದ ಎಂಬ ಪ್ರಶ್ನೆಯನ್ನು ಅವನು ಕೇಳಲೇ ಇಲ್ಲ. ಕುದುರೆಯ ಮೇಲಿದ್ದವರ ಇತಿಹಾಸ ಅದು. ನೇಗಿಲ ಹಿಂದೆ ಇದ್ದವರಿಗೆ ಅದರಲ್ಲಿ ಜಾಗವಿಲ್ಲ.

ಮಂಗಸೂಳಿಯಂಥ ಊರಿನಿಂದ ನೋಡುವವರಿಗೆ ಈ ಪ್ರಶ್ನೆ ಮನೆಯದೇ. ವಾರಣಾ ಒಪ್ಪಂದದಲ್ಲಿ ಮಿರಜ, ತಾಸಗಾಂವ, ಅಥಣಿ ಮತ್ತು ಕೃಷ್ಣೆಯ ಬಡಗಣ ದಂಡೆಯ ಕೆಲವು ಹಳ್ಳಿಗಳು ಸಾತಾರೆಯ ಪಾಲಾದವು. ಅಥಣಿಗೂ ಮಿರಜಕ್ಕೂ ನಡುವೆ ಇರುವುದು ಮಂಗಸೂಳಿ. ಇಲ್ಲಿಯ ಮಲ್ಲಯ್ಯ ಮರಾಠಿ ಭಕ್ತರಿಗೆ ಖಂಡೋಬಾ, ಎಷ್ಟೋ ಮರಾಠಾ ಮನೆತನಗಳಿಗೆ ಕುಲದೈವ. ಭಂಡಾರ ಹಾರಿಸಿ ‘ಏಳುಕೋಟಿ’ ಎಂದು ಕೂಗುವವರಲ್ಲಿ ಎರಡೂ ಭಾಷೆಯವರಿದ್ದಾರೆ. ಎರಡೂ ದಂಡಿನ ಸವಾರರು ಒಂದೇ ದೇವರಿಗೆ ನಡೆದುಕೊಳ್ಳುತ್ತಿದ್ದ ಸೀಮೆಯಲ್ಲಿ ಆ ಯುದ್ಧವನ್ನು ಧರ್ಮ ಅಧರ್ಮಗಳ ಕಾಳಗದಂತೆ ಬರೆಯಲು ಬರುವುದಿಲ್ಲ.

ಹಾಗಾದರೆ ಮನೆತನಗಳು ತಮ್ಮ ಬಗ್ಗೆ ತಾವೇ ಬರೆಸಿಕೊಟ್ಟ ಕೈಫಿಯತ್ತುಗಳನ್ನು ನಂಬೋಣವೇ? ಅಲ್ಲಿಯೂ ಎಚ್ಚರ ಬೇಕು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಿಂದ ಇನಾಮು ವಿಚಾರಣೆ ಶುರುವಾಯಿತು, 1852ರಲ್ಲಿ ಅದಕ್ಕೆ ಕಾಯದೆಯ ಬಲವೂ ಬಂತು. ಭೂಮಿ ಉಳಿಸಿಕೊಳ್ಳಬೇಕಾದವರು ಅಜ್ಜ, ಮುತ್ತಜ್ಜರ ಸೇವೆಯನ್ನು ಹೇಳಿಕೊಳ್ಳಲೇಬೇಕಾಯಿತು. ಅಂಥ ಕಾಗದದಲ್ಲಿ ಸೋಲು, ಪಕ್ಷಾಂತರ, ಲೂಟಿ ಕಾಣುವುದು ಅಪರೂಪ. ದರ್ಬಾರಿನ ಬಖರು ಮನೆತನವನ್ನು ಕಿರಿದು ಮಾಡಿದರೆ ಕೈಫಿಯತ್ತು ಹಿರಿದು ಮಾಡುತ್ತದೆ. ಮಿರಜದ ಶಾಲೆಯಲ್ಲಿ ಮಾಸ್ತರರಾಗಿದ್ದ ವಾಸುದೇವ ವಾಮನ ಖರೆ ಪಟವರ್ಧನ ಸರದಾರರ ಮನೆಯ ಪತ್ರಗಳನ್ನು ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಸಂಪುಟ ಸಂಪುಟವಾಗಿ ಪ್ರಕಟಿಸಿದ ಕೆಲಸ ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ. ಅವು ಹಕ್ಕು ಸಾಧಿಸಲು ಆಮೇಲೆ ಬರೆದವಲ್ಲ. ದಂಡಿನಿಂದ ಮನೆಗೆ, ಮನೆಯಿಂದ ದಂಡಿಗೆ ಆಯಾ ದಿನ ಹೋದ ಪತ್ರಗಳು. ದುಡ್ಡಿನ ಅಡಚಣೆ, ಸಿಟ್ಟು, ಹೆದರಿಕೆ ಎಲ್ಲವೂ ಅವುಗಳಲ್ಲಿ ಇದ್ದಂತೆಯೇ ಇವೆ.

ಚವಾಣರ ಮನೆತನ ಅಳಿಯಲಿಲ್ಲ. ಹಿಮ್ಮತ್ ಬಹಾದ್ದೂರರು ಕೊಲ್ಲಾಪುರ ಸಂಸ್ಥಾನದ ಜಹಗೀರದಾರರ ಸಾಲಿನಲ್ಲಿ, ನಮ್ಮ ತೋರಗಲ್ಲಿನ ಶಿಂದೆಯವರ ಜೊತೆಯಲ್ಲೇ, ಬ್ರಿಟಿಷರ ಕಾಲದವರೆಗೂ ಉಳಿದರು. ಅವರ ಹಿರಿಯನ ಬಗ್ಗೆ ಕನ್ನಡದಲ್ಲಿ ಬರೆಯುವವರು ಡಫ್‌ನ ವಿಶೇಷಣಗಳನ್ನು ಬಿಟ್ಟು ಅವನ ಸಂಗತಿಗಳನ್ನು ಇಟ್ಟುಕೊಳ್ಳಲಿ. ಸಾತಾರೆಯ ಬಖರಿನ ಪಕ್ಕಕ್ಕೆ ಕೊಲ್ಲಾಪುರದ ಕಾಗದ ಇಡಲಿ. ಶಿರಾಳೆ, ಕರಾಡಿನ ಆ ಚೌಥ ಯಾವ ಯಾವ ಹಳ್ಳಿಯ ಕಣದಿಂದ ಎದ್ದು ಹೋಯಿತೆಂದು ಲೆಕ್ಕದ ಕಡತಗಳಲ್ಲಿ ಹುಡುಕಲಿ.