ಸಂಚಕಾರಕ್ಕೆ ಮುನ್ನ

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲಕ್ಕೆ ಕೂಡುವ ದನಗಳ ಜಾತ್ರೆಯನ್ನು ಕಂಡವರು ಅಲ್ಲಿಯ ಒಂದು ದೃಶ್ಯವನ್ನು ಸುಲಭವಾಗಿ ಮರೆಯಲಾರರು. ಹಳ್ಳಿಕಾರ್ ಎತ್ತಿನ ಜೋಡಿಯೊಂದರ ಮುಂದೆ ಮಾರುವವನೂ ದಲ್ಲಾಳಿಯೂ ಎದುರುಬದುರಾಗಿ ನಿಂತು, ಹೆಗಲ ಮೇಲಿನ ಟವಲನ್ನು ತಮ್ಮ ಕೈಗಳ ಮೇಲೆ ಹೊದಿಸಿಕೊಂಡು, ಅದರ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು, ಅದುಮಿ, ಬಿಟ್ಟು, ಮತ್ತೆ ಹಿಡಿದು, ತುಟಿಪಿಟಕ್ಕೆನ್ನದೆ ಸಾವಿರಗಳ ಲೆಕ್ಕವನ್ನು ನಡೆಸುತ್ತಾರೆ. ಸುತ್ತ ನೆರೆದ ಜನಕ್ಕೆ ಕಾಣುವುದು ಮೊಣಕೈಗಳ ಅಲುಗಾಟವೂ ಮುಖಗಳ ಮೇಲಿನ ನಿರ್ಲಿಪ್ತತೆಯೂ ಮಾತ್ರ. ಬೆಲೆಯು ಹೀಗೆ ವಸ್ತ್ರದ ಮರೆಯಲ್ಲಿದ್ದರೂ ಎತ್ತು ಬಟ್ಟಬಯಲಿನಲ್ಲಿ ನಿಂತಿರುತ್ತದೆ. ಕೊಳ್ಳುವವನು ಅದರ ಬಾಯಿ ತೆರೆದು ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿತೋ ಎಂದು ನೋಡುತ್ತಾನೆ. ಸುಳಿ ಎಲ್ಲೆಲ್ಲಿದೆಯೆಂದು ಮೈ ಸವರಿ ಹುಡುಕುತ್ತಾನೆ. ಹತ್ತು ಹೆಜ್ಜೆ ನಡೆಸಿ ಗೊರಸಿನ ಸದ್ದಿಗೆ ಕಿವಿಗೊಡುತ್ತಾನೆ. ಅವನನ್ನು ತಡೆಯುವವರು ಯಾರೂ ಇಲ್ಲ. ತಡೆದವನ ಎತ್ತಿಗೆ ಆ ಜಾತ್ರೆಯಲ್ಲಿ ಗಿರಾಕಿಯೂ ಇಲ್ಲ.

ಕಳೆದ ಆಷಾಢದಲ್ಲಿ ನನ್ನ ಭಾವಮೈದುನನೊಡನೆ ಬೆಂಗಳೂರಿನ ಒಂದು ಕಾರಿನ ಮಳಿಗೆಯಲ್ಲಿ ಎರಡೂವರೆ ಗಂಟೆ ಕುಳಿತು ಬರಿಗೈಯಲ್ಲಿ ಎದ್ದುಬಂದ ಮೇಲೆ ಈ ಟವಲು ನನ್ನ ಕಣ್ಣ ಮುಂದೆ ಮತ್ತೆಮತ್ತೆ ಸುಳಿಯುತ್ತಿದೆ. ಕ್ರಯವಿಕ್ರಯವೂ ಒಂದು ಕಲೆಯೆಂದು ಒಪ್ಪುವುದಾದರೆ, ಇತರ ಕಲೆಗಳಿಗೆ ವಿಮರ್ಶೆಯಿರುವಂತೆ ಇದಕ್ಕೂ ಇರಬೇಕಾದುದು ನ್ಯಾಯ. ಆ ಮಳಿಗೆಯಲ್ಲಿ ನಾನು ಕಂಡ ಚೌಕಾಸಿಯನ್ನು ಜಾತ್ರೆಯ ಚೌಕಾಸಿಯ ಪಕ್ಕದಲ್ಲಿಟ್ಟು ತೂಗಿದಾಗ, ಗಾಜಿನ ಗೋಡೆ, ತಣ್ಣನೆಯ ಗಾಳಿ, ಕೇಳದೆ ಬಂದ ಕಾಫಿ, ಇಷ್ಟೆಲ್ಲ ಪರಿಕರಗಳಿದ್ದರೂ ಅದು ಕೀಳು ದರ್ಜೆಯ ಕೃತಿಯೆಂದೇ ನನಗೆ ತೋರಿತು. ಅಲ್ಲಿ ಬೆಲೆಯು ದೀಪದ ಹಲಗೆಯ ಮೇಲೆ ಥಳಥಳಿಸುತ್ತಿತ್ತು. ನಮಗೆ ದೊರೆಯತಕ್ಕ ಕಾರು ಮಾತ್ರ ಊರಾಚೆಯ ಯಾವುದೋ ಯಾರ್ಡಿನಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ, ಇದ್ದಿತು. ಟವಲನ್ನು ಬೆಲೆಯ ಮೇಲಿಂದ ತೆಗೆದು ಎತ್ತಿನ ಮೇಲೆ ಹೊದಿಸಿದ್ದರು.

ಹಲಗೆಯ ಮೇಲಿನ ಆ ಬೆಲೆಯಾದರೂ ನಿಜವಾಗಿ ಕಾಣಿಸುತ್ತಿತ್ತೆ ಎಂದರೆ ಅದೂ ಇಲ್ಲ. ಎಕ್ಸ್-ಶೋರೂಂ ಎಂಬ ಮೊದಲ ಅಂಕಿಯಿಂದ ಹೊರಟು ಆನ್-ರೋಡ್ ಎಂಬ ಕೊನೆಯ ಅಂಕಿಯನ್ನು ತಲುಪುವಷ್ಟರಲ್ಲಿ ಮೊತ್ತವು ಏಳೆಂಟು ತುಂಡುಗಳಾಗಿ ಒಡೆದಿರುತ್ತದೆ. ಯಾವ ತುಂಡಿಗೆ ಚೌಕಾಸಿ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ವಿವೇಚನೆಯನ್ನು ಹಾಳೆಯು ಹೇಳುವುದಿಲ್ಲ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆಯು ದೇಶದಲ್ಲೇ ಭಾರವಾದವುಗಳಲ್ಲಿ ಒಂದು: ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ನೂರಕ್ಕೆ 14, ಹತ್ತು ಲಕ್ಷ ದಾಟಿದೊಡನೆ ನೂರಕ್ಕೆ 17, ಇದರ ತಲೆಯ ಮೇಲೆ ಉಪಕರ ಬೇರೆ. ಇದರಲ್ಲಿ ಮಾರುವವನು ಬಿಡಲು ಒಂದು ಕಾಸೂ ಅವನದಲ್ಲ. ಹತ್ತು ಲಕ್ಷ ಮೀರಿದ ಕಾರಿಗೆ ಅವನು ವಸೂಲು ಮಾಡುವ ಟಿಸಿಎಸ್ ನೂರಕ್ಕೆ ಒಂದು ಭಾಗವಾದರೋ ನಮ್ಮದೇ ಹಣವು ಸರ್ಕಾರದ ಬೊಕ್ಕಸದಲ್ಲಿ ತಾತ್ಕಾಲಿಕವಾಗಿ ತಂಗುವುದಷ್ಟೆ; ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಚೌಕಾಸಿಗೆ ನಿಜವಾಗಿ ಎಡೆಯಿರುವುದು ಇವೆರಡರಾಚೆ, ಸಣ್ಣ ಅಕ್ಷರದ ಸಾಲುಗಳಲ್ಲಿ: ವಿಮೆ, ವಿಸ್ತೃತ ವಾರಂಟಿ, ‘ಕಿಟ್’ ಎಂಬ ಸಾಮಾನಿನ ಗಂಟು, ಹಳೆಯ ಕಾರಿಗೆ ಕಟ್ಟುವ ಬೆಲೆ, ಮತ್ತು ಹ್ಯಾಂಡ್ಲಿಂಗ್ ಚಾರ್ಜ್ ಎಂಬ ವಿಚಿತ್ರ ಪದಾರ್ಥ.

ಈ ಕೊನೆಯದು ಏನೆಂದು ಕೇಳಿದೆ. “ಯಾರ್ಡಿಂದ ಗಾಡಿ ತರಿಸೋ ಖರ್ಚು ಸಾರ್, ಎಲ್ಲಾ ಕಡೆ ಇದ್ದದ್ದೇ” ಎಂದನು ಮಾರಾಟದ ಹುಡುಗ. ಕೊಟ್ಟಿಗೆಯಿಂದ ಘಾಟಿಯವರೆಗೆ ಎತ್ತನ್ನು ನಡೆಸಿಕೊಂಡು ಬಂದ ಕೂಲಿಯನ್ನು ಬೇರೆಯಾಗಿ ಕೇಳಿದ ರೈತನನ್ನು ನಾನು ಕಾಣೆ. ವಿಮೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದನ್ನು ಇಂಥ ಮಳಿಗೆಯಲ್ಲಿಯೇ, ಇಂಥ ಕಂಪೆನಿಯಿಂದಲೇ ಕೊಳ್ಳಬೇಕೆಂಬ ಕಡ್ಡಾಯ ಎಲ್ಲಿಯೂ ಇಲ್ಲ. ನನ್ನ ಭಾವಮೈದುನನು ಹಿಂದಿನ ದಿನವೇ ಹೊರಗೆ ವಿಚಾರಿಸಿ ಬರೆದುಕೊಂಡು ಬಂದಿದ್ದ ಅಂಕಿಯನ್ನು ಮೇಜಿನ ಮೇಲಿಟ್ಟಾಗ, ಅದಕ್ಕೂ ಹಾಳೆಯಲ್ಲಿದ್ದುದಕ್ಕೂ ಹದಿಮೂರು ಸಾವಿರದ ಅಂತರವಿತ್ತು. ಅದನ್ನು ಕಂಡು ಹುಡುಗನು ವಾದಿಸಲಿಲ್ಲ; ಹೊರಗಿನ ವಿಮೆಯಾದರೆ ಅಪಘಾತವಾದಾಗ ಕ್ಲೇಮಿಗೆ ಅಲೆಯಬೇಕಾಗುತ್ತದೆಂದು ಮೃದುವಾಗಿ ಹೆದರಿಸಿದನು.

ಕನ್ನಡದಲ್ಲಿ ಕೊಸರು ಎಂಬ ಒಂದು ಸೊಗಸಾದ ಮಾತಿದೆ. ಸೊಪ್ಪಿನವಳು ಲೆಕ್ಕ ಮುಗಿದ ಮೇಲೆ ನಾಲ್ಕು ಎಸಳು ಕರಿಬೇವನ್ನು ಚೀಲಕ್ಕೆ ಎಸೆಯುತ್ತಾಳಲ್ಲ, ಹೂವಾಡಗಿತ್ತಿ ಮೊಳ ಅಳೆದ ಮೇಲೆ ಕೈಬೆರಳಿನಷ್ಟು ಉದ್ದ ಬಿಟ್ಟು ಕತ್ತರಿಸುತ್ತಾಳಲ್ಲ, ಅದು. ಲೆಕ್ಕದ ಆಚೆಗೆ ಸಲ್ಲುವುದೇ ಅದರ ಲಕ್ಷಣ. ಆ ಕೊಸರಿಗಾಗಿ ಮಾಡುವ ಹಟವು ಕೊಸರಾಟ. ಕಾರಿನ ಮಳಿಗೆಯು ಕೊಸರನ್ನೂ ಲೆಕ್ಕದೊಳಕ್ಕೆ ತಂದುಬಿಟ್ಟಿದೆ. ಹತ್ತು ಸಾವಿರ ಇಳಿಸೆಂದರೆ ಹಣವನ್ನು ಇಳಿಸದೆ, ಒಂಬತ್ತು ಸಾವಿರದ ಸಾಮಾನನ್ನು ಉಚಿತವಾಗಿ ಕೊಡುವೆನೆನ್ನುತ್ತದೆ; ಆ ಒಂಬತ್ತು ಸಾವಿರವು ಅದು ತಾನೇ ಅಚ್ಚು ಹಾಕಿಸಿದ ದರಪಟ್ಟಿಯ ಒಂಬತ್ತು ಸಾವಿರ. ಅದೇ ಕಾಲ್ಚಾಪೆ, ಸೀಟಿನ ಕವಚಗಳನ್ನು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಯಾಗಿ ಕೇಳಿ ನೋಡಿದವರಿಗೆ ಈ ಔದಾರ್ಯದ ಅಳತೆ ತಿಳಿಯುತ್ತದೆ.

ಇದಕ್ಕಿಂತ ನಾಜೂಕಾದುದು ಸಾಲದ ಮಾತು. ಬೆಲೆಯ ಚರ್ಚೆ ಬಿಗಿಯಾದೊಡನೆ ಹುಡುಗನು ಕ್ಯಾಲ್ಕ್ಯುಲೇಟರನ್ನು ಪಕ್ಕಕ್ಕಿಟ್ಟು, ನೆಂಟನೊಬ್ಬನು ಯೋಗಕ್ಷೇಮ ವಿಚಾರಿಸುವ ಧ್ವನಿಯಲ್ಲಿ, “ತಿಂಗಳಿಗೆ ಎಷ್ಟು ಕಟ್ಟಿದ್ರೆ ನಿಮಗೆ ಆರಾಮಾಗುತ್ತೆ ಸಾರ್?” ಎಂದನು. ಈ ಪ್ರಶ್ನೆಗೆ ಉತ್ತರ ಕೊಟ್ಟವನು ಬೆಲೆಯ ಚರ್ಚೆಯಿಂದ ತಾನಾಗಿಯೇ ಹೊರನಡೆದಂತೆ. ಎಂಟು ಲಕ್ಷದ ಸಾಲವನ್ನು ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಅದನ್ನೇ ಏಳು ವರ್ಷಕ್ಕೆ ಎಳೆದರೆ 12,900ರೊಳಗೆ ಇಳಿಯುತ್ತದೆ. ಕೇಳುವವನ ಕಿವಿಗೆ ಇದು ಇಳಿಕೆಯೇ. ಆದರೆ ಒಟ್ಟು ತೆರುವ ಹಣವು ಹತ್ತಿರ ಹತ್ತಿರ 85,000 ರೂಪಾಯಿ ಏರಿರುತ್ತದೆ. ಎರಡು ಗಂಟೆ ಕೊಸರಾಡಿ ಗಳಿಸಿದ ಹತ್ತು ಸಾವಿರವು ಆ ಪ್ರವಾಹದಲ್ಲಿ ಎಲ್ಲಿ ತೇಲಿಹೋಯಿತೆಂದು ಯಾರೂ ಕೇಳುವುದಿಲ್ಲ.

ನಾಟಕದ ದೃಷ್ಟಿಯಿಂದ ನೋಡಿದರೆ ಅಲ್ಲಿಯ ಅತ್ಯುತ್ತಮ ರಚನೆಯೆಂದರೆ ಒಳಕೋಣೆಯ ಮ್ಯಾನೇಜರು. ನಮ್ಮ ಪ್ರಾಚೀನ ನಾಟ್ಯಶಾಸ್ತ್ರದಲ್ಲಿ ಆಕಾಶಭಾಷಿತವೆಂಬ ಒಂದು ತಂತ್ರವುಂಟು. ರಂಗದ ಮೇಲಿಲ್ಲದ ಪಾತ್ರದೊಡನೆ ನಟನು ಮಾತನಾಡಿ, ಅದರ ಉತ್ತರವನ್ನೂ ತಾನೇ ಕೇಳಿಸಿಕೊಂಡವನಂತೆ ಅಭಿನಯಿಸಿ ಪ್ರೇಕ್ಷಕರಿಗೆ ತಿಳಿಸುವುದು. ಭಾಣವೆಂಬ ಏಕಪಾತ್ರದ ರೂಪಕವೆಲ್ಲ ಇದರ ಮೇಲೆಯೇ ನಿಂತದ್ದು. ನಮ್ಮ ಹುಡುಗನು ಮೂರು ಸಲ ಒಳಗೆ ಹೋಗಿ ಬಂದನು. ಮೊದಲ ಸಲ ಮ್ಯಾನೇಜರು ಬೈದರು. ಎರಡನೆಯ ಸಲ ಎರಡು ಸಾವಿರ ಬಿಟ್ಟರು. ಮೂರನೆಯ ಸಲ, ನಮ್ಮ ಮುಖ ನೋಡಿಯೇ, ಇನ್ನು ಮೂರು ಸಾವಿರ ಬಿಟ್ಟರು. ನಮ್ಮ ಮುಖವನ್ನು ಅವರು ನೋಡಿದ್ದು ಎಂದು? ನಿರ್ಣಯಿಸಬಲ್ಲವನು ಎಂದಿಗೂ ಎದುರಿಗೆ ಬಾರದಂತೆಯೂ, ಎದುರಿಗಿರುವವನು ಎಂದಿಗೂ ನಿರ್ಣಯಿಸದಂತೆಯೂ ಹೆಣೆದ ಈ ವಸ್ತುವಿನ್ಯಾಸದ ಉದ್ದೇಶವು ಕಾಲಹರಣ. ಎರಡು ಗಂಟೆ ಕುಳಿತವನಿಗೆ, ಇಷ್ಟು ಹೊತ್ತು ಕುಳಿತೂ ಬರಿಗೈಯಲ್ಲಿ ಹೋಗುವುದೆ ಎಂಬ ಸಂಕೋಚವು ಕಾಲಿಗೆ ತೊಡರುತ್ತದೆ. ಪಕ್ಕದಲ್ಲಿ ಇನ್ನೊಂದು ಕುಟುಂಬವು ಕೇಕು ಕತ್ತರಿಸಿ, ಮೊಣಕಾಲುದ್ದದ ರಟ್ಟಿನ ಕೀಲಿಕೈ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿರುವುದನ್ನು ನೋಡುತ್ತ ನಮ್ಮ ಮನೆಯ ಮಗುವೂ ಸ್ಟಿಯರಿಂಗ್ ಚಕ್ರದ ಹಿಂದೆ ಕುಳಿತುಬಿಟ್ಟಿದ್ದರಂತೂ ಮುಗಿಯಿತು.

ಎದ್ದುಹೋಗುವ ಸ್ವಾತಂತ್ರ್ಯವಾದರೂ ನಮಗೆ ಪ್ರಾಚೀನವಾಗಿ ಬಂದದ್ದಲ್ಲ. ಅಂಬಾಸಡರ್ ಮತ್ತು ಪದ್ಮಿನಿಗಳ ಕಾಲದಲ್ಲಿ ಕಾರು ಬೇಕಾದವನು ಹಣ ಕಟ್ಟಿ ವರ್ಷಗಟ್ಟಲೆ ಸರದಿಗೆ ಕಾಯುತ್ತಿದ್ದನು. ಸರದಿ ಬಂದವನು ಹೊಸ ಗಾಡಿಯನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಾಗಿದ್ದಿತು. 1983ರಲ್ಲಿ ಮಾರುತಿ 800ಕ್ಕಾಗಿ ಜನರು ಹತ್ತು ಹತ್ತು ಸಾವಿರ ಮುಂಗಡ ಕಟ್ಟಿದರು. ಆ ಡಿಸೆಂಬರಿನಲ್ಲಿ ಮೊದಲ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಕೊಟ್ಟರು. ಬೆಲೆ 47,500 ರೂಪಾಯಿಯಷ್ಟು. ಅಲ್ಲಿ ಚೌಕಾಸಿಯ ಸೊಲ್ಲೆಲ್ಲಿ? ಎದ್ದು ಹೋದರೆ ಹೋಗುವುದಾದರೂ ಎಲ್ಲಿಗೆ? ಬೀದಿಯ ಆಚೆ ಇನ್ನೊಂದು ಅಂಗಡಿ ತೆರೆದ ದಿನವೇ ನಮ್ಮ ಕಾಲಿಗೆ ಬಲ ಬಂದದ್ದು. ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಎಂಬಿಬ್ಬರು 1981ರಲ್ಲಿ ಸಂಧಾನದ ಮೇಲೆ ಬರೆದ ಪ್ರಸಿದ್ಧ ಗ್ರಂಥದಲ್ಲಿ, ಮಾತು ಮುರಿದರೆ ನಿನಗುಳಿಯುವ ಎರಡನೆಯ ಹಾದಿಯೇ ನಿನ್ನ ನಿಜವಾದ ಬಲ ಎಂಬರ್ಥದ ತತ್ತ್ವವನ್ನು ಮುಂದಿಟ್ಟರು. ನಮ್ಮ ರೈತನು ಇದನ್ನು ಓದದೆಯೇ ಬಲ್ಲನು. ಒಂದು ಚಪ್ಪರದ ಎತ್ತಿಗೆ ಕೈಯಿಡುವ ಮೊದಲು ಇನ್ನೆರಡು ಚಪ್ಪರಗಳನ್ನು ಸುತ್ತಿರುತ್ತಾನೆ.

ಆದರೆ ನಾವೇ ಪಂಚಾಂಗ ಹಿಡಿದು ಹೋಗಿ ಆ ಬಲವನ್ನು ಒಪ್ಪಿಸಿಬರುತ್ತೇವೆ. ಆಯುಧಪೂಜೆಯ ಬೆಳಿಗ್ಗೆ ಗಾಡಿ ಮನೆಯ ಮುಂದೆ ನಿಂತು ಚಕ್ರದಡಿ ನಿಂಬೆಹಣ್ಣು ಸಿಡಿಯಲೇಬೇಕೆಂದು ಹೊರಟವನು, ಯುಗಾದಿಯೊಳಗೆ ಬೇಕೆನ್ನುವವನು, ಎದ್ದುಹೋಗಲಾರನೆಂಬುದನ್ನು ಮಾರುವವನು ಅವನಿಗಿಂತ ಮೊದಲೇ ಅರಿತಿರುತ್ತಾನೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮಳಿಗೆಗಳು ಭಣಗುಡುತ್ತವೆ. ಮಾತು ಆಡುವುದು ಆಗ, ಗಾಡಿ ತರುವುದು ಶ್ರಾವಣದಲ್ಲಿ ಎಂಬ ಸರಳ ಉಪಾಯವನ್ನು ನನ್ನ ಭಾವಮೈದುನನು ಅನುಸರಿಸಿದ್ದನು. ಶಾಸ್ತ್ರಕ್ಕೂ ಭಂಗವಿಲ್ಲ, ಜೇಬಿಗೂ ಇಲ್ಲ.

ಎದ್ದುಬರುವುದರಲ್ಲಿಯೂ ಜಾತಿಗಳುಂಟು. ಬಾಗಿಲವರೆಗೆ ನಡೆದು, ಹಿಂದಿನಿಂದ “ಸಾರ್, ಒಂದ್ನಿಮಿಷ” ಎಂಬ ಕರೆಗೆ ಕಿವಿ ನೆಟ್ಟು, ಅದು ಬಾರದಿದ್ದಾಗ ಪಾರ್ಕಿಂಗಿನಲ್ಲಿ ಬೀಗದ ಕೈ ಹುಡುಕುತ್ತ ನಿಲ್ಲುವುದು ಒಂದು ಜಾತಿ; ಇದು ಎದುರಾಳಿಯು ಬರೆದ ನಾಟಕದಲ್ಲಿ ನಾವು ಆಡುವ ಒಂದು ಪಾತ್ರವಷ್ಟೆ. ರೇಗಿ ಹೋಗುವುದು ಇನ್ನೊಂದು. ಹದಿನೆಂಟು ವರ್ಷದ ಹಿಂದೆ ನಾನು ಎರಡು ಸಾವಿರ ರೂಪಾಯಿಯ ಮೇಲೆ ಹೀಗೆ ಕುರ್ಚಿ ಸದ್ದು ಮಾಡಿ ಎದ್ದು, ಮೂರು ವಾರದ ಮೇಲೆ ಬೇರೆಡೆ ಅದೇ ಕಾರನ್ನು ಏಳು ಸಾವಿರ ಹೆಚ್ಚು ಕೊಟ್ಟು ತಂದೆ. ಮನೆಯಲ್ಲಿ ಈ ಲೆಕ್ಕವು ಇನ್ನೂ ಚುಕ್ತಾ ಆಗಿಲ್ಲ. ಮೂರನೆಯದು, ಎಲ್ಲಿ ಏಳಬೇಕೆಂಬುದನ್ನು ಮನೆಯಲ್ಲಿಯೇ ಗೊತ್ತುಮಾಡಿಕೊಂಡು ಹೋಗುವುದು. ಭಾವಮೈದುನನ ಜೇಬಿನ ಚೀಟಿಯಲ್ಲಿ ಎರಡು ಸಾಲುಗಳಿದ್ದವು: ಒಂದು, ಒಟ್ಟು ಮೊತ್ತದ ಮಿತಿ, ಇನ್ನೊಂದು, ಚಾಸಿ ನಂಬರು ನೋಡದೆ ಮುಂಗಡವಿಲ್ಲ.

ಆ ಹದಿನೇಳು ಅಕ್ಷರಗಳ ನಂಬರಿನಲ್ಲಿ ಗಾಡಿಯ ಹುಟ್ಟಿದ ಕಾಲ ಅಡಗಿರುತ್ತದೆ. ಮಾರಾಟದ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ದಾಖಲಾಗುತ್ತವೆ. ಎತ್ತಿನ ಹಲ್ಲೆಂದರೆ ಇದೇ. ಹತ್ತು ತಿಂಗಳು ಯಾರ್ಡಿನ ಬಿಸಿಲು ಮಳೆಯಲ್ಲಿ ನಿಂತ ಗಾಡಿಯೂ ಹೊಸದೇ. ಆದರೆ ಆ ಹೊಸತಿಗೆ ಬೆಲೆ ಬೇರೆ. ಆಶ್ಚರ್ಯವೆಂದರೆ, ಮೂರನೆಯ ಆಕಾಶಭಾಷಿತದ ಹೊತ್ತಿಗೆ ಮೊತ್ತವು ಚೀಟಿಯ ಮಿತಿಯೊಳಕ್ಕೆ ಇಳಿದಿತ್ತು. ಭಾವಮೈದುನನು ಗಾಡಿ ತೋರಿಸಿರೆಂದನು. ಪೂರ್ತಿ ಹಣ ಕಟ್ಟಿದ ಮೇಲೆಯೇ ನಂಬರು ‘ಅಲಾಟ್’ ಆಗುವುದೆಂಬ ಉತ್ತರ ಬಂದಿತು. “ಭಾವ, ನಡೀರಿ” ಎಂದು ಅವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡನು. ಅವನ ಧ್ವನಿಯಲ್ಲಿ ಮುನಿಸಿರಲಿಲ್ಲ; ಹುಡುಗನಿಗೆ ಕಾಫಿ ಚೆನ್ನಾಗಿತ್ತೆಂದು ಹೇಳಿಯೇ ಹೊರಟನು. ಮುಂಗಡಕ್ಕೆ ನಮ್ಮ ಹಳಬರು ಸಂಚಕಾರವೆನ್ನುತ್ತಿದ್ದರು. ಆ ಪದವೇ ಮುಂದೆ ಅಪಾಯವೆಂಬ ಅರ್ಥವನ್ನೂ ಪಡೆದು ‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿಗೆ ಬಂದು ನಿಂತದ್ದು ಸುಮ್ಮನೆ ಆಗಿರಲಾರದು.

ಹಾಗಾದರೆ ಚೌಕಾಸಿಯೇ ಬೇಡವೆ? ಅಮೆರಿಕದಲ್ಲಿ ಸೆನೆಟರ್ ಮನ್ರೋನಿಯವರ ಪ್ರಯತ್ನದಿಂದ 1958ರಲ್ಲಿ ಬಂದ ಕಾನೂನು, ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೂ ತಯಾರಕನ ಬೆಲೆಯ ಚೀಟಿ ಇರತಕ್ಕದ್ದೆಂದು ವಿಧಿಸಿತು; ಚೌಕಾಸಿ ಆಮೇಲೂ ನಿಲ್ಲಲಿಲ್ಲ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಷಿಕಾಗೋದ ಮಳಿಗೆಗಳಿಗೆ ಒಂದೇ ಪಾಠವನ್ನು ಒಪ್ಪಿಸುವಂತೆ ತರಬೇತಾದ ಬಿಳಿಯ, ಕರಿಯ, ಗಂಡು, ಹೆಣ್ಣು ಗಿರಾಕಿಗಳನ್ನು ಕಳುಹಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ಗಂಡಸಿಗೆ ದೊರೆತ ಬೆಲೆಯು ಉಳಿದವರಿಗೆ ದೊರೆಯಲಿಲ್ಲವೆಂದು ಕಂಡಿತು. ಇಲ್ಲಿಯೂ, ಸಂಬಳ ತಂದು ಕಂತು ಕಟ್ಟುವವಳು ಹೆಂಡತಿಯಾಗಿದ್ದರೂ ಅವಳಿಗೆ ಬಣ್ಣದ ವಿಷಯ ಹೇಳಿ ಬೆಲೆಯನ್ನು ಗಂಡನ ಕಡೆ ತಿರುಗಿ ಹೇಳುವುದನ್ನು ನಾನು ಕಂಡಿದ್ದೇನೆ. ಇಷ್ಟನ್ನು ತಿಳಿದ ಮೇಲೂ ಟವಲಿನಡಿಯ ಆ ಬೆರಳಾಟವನ್ನು ತೊರೆಯಲು ನನಗೆ ಮನಸ್ಸಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಎತ್ತು ಹೊರಗೆ ನಿಂತಿರುವ ತನಕ ಅದು ಸಮಬಲರ ಆಟ.

ತಿಂಗಳ ಕೊನೆಯ ದಿನ ಮಳಿಗೆಯಿಂದ ಫೋನು ಬಂದಿತು. ಇನ್ನೂ ಹನ್ನೊಂದು ಸಾವಿರ ಬಿಡುವುದಾಗಿಯೂ, ಇವತ್ತೇ ಬಿಲ್ಲಾಗಬೇಕೆಂದೂ ಹುಡುಗನು ಅವಸರಪಡಿಸಿದನು. ಚಾಸಿ ನಂಬರಿನ ಒಂದು ಫೋಟೋ ಕಳಿಸಪ್ಪ ಎಂದನು ಭಾವಮೈದುನ. “ಕೇಳಿ ಹೇಳ್ತೀನಿ ಸಾರ್” ಎಂದವನು ಮತ್ತೆ ಮಾತನಾಡಲಿಲ್ಲ. 2019ರ ತಿದ್ದುಪಡಿಯ ತರುವಾಯ ರಾಜ್ಯದೊಳಗಿನ ಯಾವ ಆರ್‌ಟಿಓ ಕಚೇರಿಯಲ್ಲಾದರೂ ಗಾಡಿಯನ್ನು ನೋಂದಾಯಿಸಲು ಅವಕಾಶವಿರುವುದರಿಂದ, ಮುಂದಿನ ಭಾನುವಾರ ನಾವು ತುಮಕೂರಿಗೆ ಹೋದೆವು. ಅಲ್ಲಿಯ ಬೆಲೆ ಈ ಕೊನೆಯ ಬೆಲೆಗಿಂತ ಆರು ಸಾವಿರ ಹೆಚ್ಚು. ಜಿನುಗುಮಳೆಯಲ್ಲಿ ಯಾರ್ಡಿನ ಕಾವಲುಗಾರನು ಬಂದು, ಸಾಲಿನಲ್ಲಿ ನಾಲ್ಕನೆಯ ಗಾಡಿಯ ಬಾಗಿಲು ತೆರೆದು, ಕಂಬದ ಬಳಿಯ ಪಟ್ಟಿಯ ಮೇಲೆ ಕೂತಿದ್ದ ಕೆಂಪು ಧೂಳನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ, ಓದಿಕೊಳ್ಳಿರೆಂದು ಪಕ್ಕಕ್ಕೆ ಸರಿದನು.